ವೆಂಟಿಲೇಟರ್ ಬೇಡ ಚಿಕ್ಕಪ್ಪ, ಟಿಲ್ಟ್ ಟೇಬಲ್ ಕೊಡೋಣ

ಎಲ್ಲರಿಗೂ ನಮಸ್ಕಾರ. ಡ್ಯೂಟಿಯಲ್ಲಿದ್ದೆ, ಬೆಳಗ್ಗೆಯಿಂದ ಗ್ರೂಪಿನಲ್ಲಿ ಬಂದದ್ದೆಲ್ಲ ಈಗಷ್ಟೇ ಕೇಳಿದೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ.

ತಡವಾಗಿ ನೋಡುವವರಿಗೆ ವಿಷಯ ಹೇಳುತ್ತೇನೆ. ಅಜ್ಜನ ವರ್ಷದ ದಿನ ಊಟ ಸಣ್ಣದಾಗಿ ಮುಗಿಸಿ, ಎಲ್ಲರೂ ಹಾಕಿದ ಒಂದೂವರೆ ಲಕ್ಷವನ್ನು ತಾಲೂಕು ಆಸ್ಪತ್ರೆಗೆ ಕೊಡೋಣ ಅಂತ ಮಾತಾಗಿದೆ. ಮಡಿಕೇರಿ ಚಿಕ್ಕಪ್ಪ ವೆಂಟಿಲೇಟರ್ ಕೊಡಿಸೋಣ, ಸಾಲದ್ದನ್ನು ನಾನು ಹಾಕುತ್ತೇನೆ ಅಂದಿದ್ದಾರೆ. ಸುಂಟಿಕೊಪ್ಪದ ಅತ್ತೆ, "ಮಿಷನ್ ಕೊಟ್ಟರೆ ಮೂಲೆ ಸೇರುತ್ತೆ, ಪೆಟ್ಟಾದವರ ಕೈಗೇ ದುಡ್ಡು ಕೊಡಿ" ಅಂದಿದ್ದಾರೆ. ಇಬ್ಬರೂ ಸುಮ್ನೆ ಹೇಳಿದ್ದಲ್ಲ. ಆದರೆ ನಾನು ಫಿಸಿಯೋಥೆರಪಿಯವಳು. ದಿನಾ ನೋಡುವುದು ಜೀವ ಉಳಿದ ಮೇಲಿನ ಕಥೆಯನ್ನು. ನನ್ನ ಲೆಕ್ಕ ಬೇರೆ: ಮಲಗಿದವರನ್ನು ನಿಧಾನ ಎಬ್ಬಿಸಿ ನಿಲ್ಲಿಸುವ ಟಿಲ್ಟ್ ಟೇಬಲ್, ಜೊತೆಗೆ ಮಲಗಿದಲ್ಲೇ ಹುಣ್ಣಾಗದಂತೆ ನೋಡಿಕೊಳ್ಳುವ ಗಾಳಿ ಹಾಸಿಗೆ ಕೊಡೋಣ.

ಮೊದಲು ವೆಂಟಿಲೇಟರ್. ಅದಕ್ಕೆ ಐಸಿಯು ಬೇಕು, ಆಕ್ಸಿಜನ್ ಲೈನ್ ಬೇಕು, ಹಗಲೂ ರಾತ್ರಿಯೂ ನೋಡಿಕೊಳ್ಳುವ ತರಬೇತಾದ ಸಿಬ್ಬಂದಿ ಬೇಕು. ಇದೆಲ್ಲ ಇಲ್ಲದ ಕಡೆ ಕೊಟ್ಟರೆ ಅತ್ತೆ ಹೇಳಿದ್ದೇ ಆಗುವುದು. ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ನಮ್ಮ ಕೊಡಗು ಜಿಲ್ಲೆಯಲ್ಲಿ ದೊಡ್ಡ ಪೆಟ್ಟು ಯಾರಿಗೆ ಆಗುತ್ತದೆ ನೋಡಿ. ಮೆಣಸು ಕೊಯ್ಯುವಾಗ ಒಂಟಿ ಬಿದಿರಿನ ಏಣಿಯಿಂದ ಬಿದ್ದವರು. ಮರ ಕಪಾತು ಮಾಡುವಾಗ, ಅಂದರೆ ಕೊಂಬೆ ಸವರುವಾಗ, ಕೊಂಬೆ ಮುರಿದು ಬಿದ್ದವರು. ಆನೆ ಎತ್ತಿ ಎಸೆದವರು. ಘಾಟಿಯಲ್ಲಿ ಬೈಕ್ ಜಾರಿದವರು. ಬೆನ್ನುಮೂಳೆ, ಸೊಂಟ, ತೊಡೆ, ತಲೆ. ಆಪರೇಶನ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಆಗುತ್ತದೆ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಂತರ ಡಿಸ್ಚಾರ್ಜ್ ಮಾಡಿ, "ದಿನಾ ಫಿಸಿಯೋಥೆರಪಿ ಮಾಡಿಸಿ" ಅಂತ ಬರೆದು ಕಳಿಸುತ್ತಾರೆ. ಎಲ್ಲಿ ಮಾಡಿಸುವುದು? ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಹತ್ತಿರ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಮಲಗಿರುವವನು ದಿನಾ ಹೋಗಿ ಬರುತ್ತಾನಾ? 2018ರ ಆಗಸ್ಟ್‌ನಲ್ಲಿ ಮಂಗಳೂರಿಗೆ ಹೋಗುವ ಸಂಪಾಜೆ ಕಡೆ ರಸ್ತೆ ಕುಸಿದಾಗ ಮಂಗಳೂರು ಎಷ್ಟು ದೂರ ಆಯಿತು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ನಾನು ಹೇಳುವುದು, ಸಾಮಾನು ಹತ್ತಿರದ ಆಸ್ಪತ್ರೆಯಲ್ಲಿ ಇರಬೇಕು. ಅತ್ತೆ, ಕೈಗೆ ಹತ್ತು ಸಾವಿರ ಕೊಟ್ಟರೆ ಅದು ಸಾಲಕ್ಕೋ ಅಕ್ಕಿಗೋ ಹೋಗುತ್ತದೆ. ತಪ್ಪೇನಿಲ್ಲ, ಅದೂ ಬೇಕು. ಆದರೆ ಒಂದು ಟೇಬಲ್ ವರ್ಷಗಟ್ಟಲೆ ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸಿ ನಿಲ್ಲಿಸುತ್ತದೆ.

ಟಿಲ್ಟ್ ಟೇಬಲ್ ಅಂದರೇನು ಅಂತ ಭಾವ ಕೇಳಿದ್ದಾರೆ. ಮಲಗಿಸುವ ಹಲಗೆ, ಕೆಳಗಡೆ ಪಾದ ಊರಲು ಪಟ್ಟಿ. ಎದೆ, ಸೊಂಟ, ಮಂಡಿಗೆ ಬೆಲ್ಟ್ ಕಟ್ಟಿ ಹಿಡಿಕೆ ತಿರುಗಿಸಿದರೆ ತಲೆ ಕಡೆ ನಿಧಾನ ಏಳುತ್ತದೆ. ವಾರಗಟ್ಟಲೆ ಮಲಗಿದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತ ಕಾಲಿಗಿಳಿದು ಬಿಪಿ ಬೀಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಏಣಿಯಿಂದ ಬಿದ್ದ ಒಬ್ಬರನ್ನು ನಾನು ಮೊದಲ ದಿನ 30 ಡಿಗ್ರಿಗೆ ಎತ್ತಿದೆ. ಹಣೆಯಲ್ಲಿ ಬೆವರು, ತುಟಿ ಬಿಳಿಚಿತು, ಬಿಪಿ ನೋಡಿ ತಕ್ಷಣ ಇಳಿಸಿದೆ. ಮರುದಿನ ಮತ್ತೆ. ಹೀಗೇ ಸ್ವಲ್ಪ ಸ್ವಲ್ಪ ಏರಿಸುತ್ತಾ, ಒಂದು ದಿನ ನೆಟ್ಟಗೆ ಹತ್ತಿರ ಬಂದಾಗ ಅವರು ಕಿಟಕಿಯಾಚೆ ನೋಡಿ ಹೇಳಿದ್ದು, "ಇಷ್ಟು ದಿನ ಬರೀ ಫ್ಯಾನ್ ನೋಡ್ತಾ ಇದ್ದೆ ಸಿಸ್ಟರ್. ಹೊರಗೆ ಇಷ್ಟು ಆಟೋ ನಿಲ್ತವಾ?" ಕಾಲಿನ ಮೇಲೆ ಭಾರ ಬಿದ್ದರೆ ಮೂಳೆ ಸವೆಯುವುದು ಕಡಿಮೆ, ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿಯುವುದು ಕಡಿಮೆ, ಎದೆಯಲ್ಲಿ ಕಫ ಕಟ್ಟುವುದೂ ಕಡಿಮೆ. ಇದಾದ ಮೇಲೆ ಎರಡೂ ಕಡೆ ಕೈ ಹಿಡಿದು ನಡೆಯುವ ಪ್ಯಾರಲಲ್ ಬಾರ್, ಆಮೇಲೆ ವಾಕರ್. ಎಲ್ಲರೂ ನಡೆದುಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬೆನ್ನುಹುರಿ ಪೂರ್ತಿ ಕತ್ತರಿಸಿದ್ದರೆ ಯಾವ ಟೇಬಲ್ಲೂ ಅದನ್ನು ಜೋಡಿಸುವುದಿಲ್ಲ. ಆದರೂ ಕೂತು ತನ್ನ ಕೆಲಸ ತಾನು ಮಾಡಿಕೊಳ್ಳುವುದಕ್ಕೂ ಹಾಸಿಗೆ ಹಿಡಿದೇ ಇರುವುದಕ್ಕೂ ಅಜಗಜಾಂತರ ಅಲ್ವಾ?

ಎರಡನೆಯದು ಏರ್‌ಬೆಡ್. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಕೀವಾಗಿ ಮೂಳೆಯವರೆಗೂ ಹೋಗಬಹುದು. ಬೆನ್ನುಹುರಿಗೆ ಪೆಟ್ಟಾದವರು ಮೊದಲೆಲ್ಲ ಈ ಹುಣ್ಣಿನಿಂದ, ಮೂತ್ರದ ಸೋಂಕಿನಿಂದಲೇ ಹೋಗುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನುವ ಡಾಕ್ಟರು, ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ರಾತ್ರಿ ಹಗಲೆನ್ನದೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದರು. ಬದುಕುಳಿದವರನ್ನು ಆಟ ಆಡಿಸಿದರು. ಈಗಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೇ ಅಲ್ಲಿಂದ. ಈಗಲೂ ಮಗ್ಗುಲು ಬದಲಿಸಲೇಬೇಕು, ಏರ್‌ಬೆಡ್ ಅದಕ್ಕೆ ಜೊತೆ ಅಷ್ಟೇ. ಮಂಚದ ಕಾಲ ಕಡೆ ನೇತಾಡುವ ಪುಟ್ಟ ಪಂಪು ಒಂದು ಸಾಲು ಉಬ್ಬಿಸುತ್ತದೆ, ಇನ್ನೊಂದು ಸಾಲು ಇಳಿಸುತ್ತದೆ. ಸರಿ ಇದೆಯಾ ನೋಡಲು ಹಾಸಿಗೆಯಡಿ ಕೈ ತೂರಿಸಬೇಕು. ಮೈಯ ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಸಾದಾ ಏರ್‌ಬೆಡ್ ಕೆಲವೇ ಸಾವಿರಕ್ಕೆ ಬರುತ್ತದೆ. ವೆಂಟಿಲೇಟರ್ ಒಂದರ ದುಡ್ಡಲ್ಲಿ ಎಷ್ಟು ಬರುತ್ತದೆ, ನೀವೇ ಲೆಕ್ಕ ಹಾಕಿ.

ಪಕ್ಕೆಲುಬು ಮುರಿದವರಿಗೆ ಉಸಿರೆಳೆದು ಮೂರು ಚೆಂಡು ಏರಿಸುವ ಸ್ಪೈರೋಮೀಟರ್ ಕೊಡುತ್ತೇವೆ. ಅದು ಇನ್ನೂ ಅಗ್ಗ. ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತದೆ, ಆದರೆ ನ್ಯುಮೋನಿಯಾ ಬರದಂತೆ ನೋಡಿಕೊಳ್ಳಲು ಸಹಾಯ.

ಈಗ ಮೂಲೆ ಸೇರುವ ಮಾತು. ಅತ್ತೆಗೆ ನೂರಕ್ಕೆ ನೂರು ಮಾರ್ಕು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ದಾನಿಗಳು ಕೊಟ್ಟ ಮಿಷನ್ ಬಟ್ಟೆ ಹೊದ್ದು ಕೂತಿತ್ತು. ಹಾಳಾಗಿದ್ದು ಒಂದು ಸಣ್ಣ ಪಾರ್ಟ್. ತರಿಸುವುದು ಯಾರ ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಳೆಗಾಲದ ತೇವ, ಕರೆಂಟ್ ಹೋಗಿ ಬರುವ ಆಟ, ಇವೆರಡೇ ಸಾಕು ಮೋಟರು ಕೆಡಲು. ಅದಕ್ಕೇ ಕೈಯಲ್ಲಿ ತಿರುಗಿಸುವ ಟೇಬಲ್ಲೇ ತೆಗೆದುಕೊಳ್ಳೋಣ. ಏರ್‌ಬೆಡ್ಡಿಗೆ ಸ್ಟೆಬಿಲೈಜರ್ ಜೊತೆಗೇ ಕೊಡೋಣ. ಮೂವತ್ತು ಸಾವಿರ ರಿಪೇರಿಗೆ ಅಂತಲೇ ಎತ್ತಿಡೋಣ. ಮಾರ್ಬಲ್ ಕಲ್ಲಿನ ಬೋರ್ಡು ದಯವಿಟ್ಟು ಬೇಡ. ಅಜ್ಜನ ಹೆಸರಿನ ಒಂದು ಸ್ಟಿಕ್ಕರ್, ಕೆಳಗೆ ಸರ್ವಿಸ್‌ನವರ ಫೋನ್ ನಂಬರ್.

ಟ್ಯಾಕ್ಸ್ ಬಗ್ಗೆ ಕೇಳಿದವರಿಗೆ: ವಸ್ತು ಕೊಟ್ಟರೆ ದಾನದ ತೆರಿಗೆ ವಿನಾಯಿತಿ ಇಲ್ಲ. ಹಣವಾಗಿ ಕೊಟ್ಟರೆ ಮಾತ್ರ, ಅದೂ 2,000ಕ್ಕಿಂತ ಜಾಸ್ತಿ ನಗದಾದರೆ ಇಲ್ಲ. ಮಿಕ್ಕದ್ದನ್ನು ಆಡಿಟರನ್ನೇ ಕೇಳಿ.

ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯ ಪರಿಚಯ ಇದೆ. ಫಿಸಿಯೋಥೆರಪಿಸ್ಟ್ ಇದ್ದಾರಾ, ಟೇಬಲ್ ಇಡಲು ಜಾಗ ಇದೆಯಾ, ಏನೇನು ಈಗಾಗಲೇ ಇದೆ, ಇದನ್ನೆಲ್ಲ ಕೇಳಿ ಅವರಿಂದಲೇ ಬೇಡಿಕೆ ಪತ್ರ ಬರೆಸಿಕೊಳ್ಳಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ದಾಖಲಾಗಲಿ. ಫಿಸಿಯೋ ಇಲ್ಲ ಅಂದರೆ ಟೇಬಲ್ ಬಿಟ್ಟು ಬರೀ ಏರ್‌ಬೆಡ್, ವಾಕರ್ ಕೊಡೋಣ. ಶನಿವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವಿದೆ, ಕುಶಾಲನಗರದಿಂದ ಬರುತ್ತೇನೆ. ಅತ್ತೆಯೂ ಬರಲಿ, ಅವರ ಪ್ರಶ್ನೆಗೆ ಉತ್ತರ ಸಿಗದೆ ಚೆಕ್ ಬರೆಯುವುದು ಬೇಡ.