ಅಂಗಡಿಯ ಅಕೌಂಟ್ ಫ್ರೀಜ್ ಆಗಿದೆ, ಬ್ಯಾಂಕಿನವರು ಪೊಲೀಸರ ಕಡೆ ಕೈ ತೋರಿಸುತ್ತಿದ್ದಾರೆ: ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ಕಿರಾಣಿ ಅಂಗಡಿಯವರು, ರಾಣೆಬೆನ್ನೂರು):
ಮೇಡಂ, ನಮಸ್ಕಾರ. ನಮ್ಮದು ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಕಿರಾಣಿ ಅಂಗಡಿ. ಸೋಮವಾರ ಬೆಳಗ್ಗೆ ಹೋಲ್‌ಸೇಲ್‌ನವರಿಗೆ ದುಡ್ಡು ಹಾಕಲು ಹೋದರೆ ಫೋನ್‌ಪೇ ಫೇಲ್ ಆಯಿತು. ಎಟಿಎಂನಲ್ಲೂ ಬರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದೆ. ಸೈಬರ್ ಕ್ರೈಂನವರು ಫ್ರೀಜ್ ಮಾಡಿಸಿದ್ದಾರೆ, ನಮ್ಮ ಕೈಯಲ್ಲಿ ಏನೂ ಇಲ್ಲ, ಪೊಲೀಸರಿಂದ ಎನ್‌ಒಸಿ ತನ್ನಿ ಅಂದರು. ಯಾವ ಪೊಲೀಸರು ಅಂದರೆ ಉತ್ತರದ ಯಾವುದೋ ರಾಜ್ಯದ ಹೆಸರು ಹೇಳಿದರು. ಆ ಕಡೆ ನಾನು ಹೋದವನೇ ಅಲ್ಲ. ಅಕೌಂಟಿನಲ್ಲಿ 1 ಲಕ್ಷ 80 ಸಾವಿರ ಇದೆ. ಮಗಳ ಕಾಲೇಜು ಫೀ, ಗಾಡಿ ಇಎಂಐ ಎಲ್ಲಾ ಅದರಲ್ಲೇ. ಜಿಎಸ್‌ಟಿ ನೋಟಿಸ್ ಇರಬಹುದು ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ. ನಾನು ಯಾರಿಗೂ ಮೋಸ ಮಾಡಿಲ್ಲ ಮೇಡಂ. ಏನು ಮಾಡಲಿ?

ಉತ್ತರ (ವಕೀಲರು, ಧಾರವಾಡ):
ನಮಸ್ಕಾರ ಅಣ್ಣಾ. ಮೊದಲು ಗಾಬರಿ ಬಿಡಿ. ಅಕೌಂಟ್ ಫ್ರೀಜ್ ಆಯಿತು ಅಂದರೆ ನೀವು ಆರೋಪಿ ಅಂತ ಅಲ್ಲ. ಇದು ಜಿಎಸ್‌ಟಿ ವಿಷಯವೂ ಅಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರಲ್ಲ, ಅದು ತೆರಿಗೆ ನೋಟಿಸಿನ ಗಲಾಟೆ. ನಿಮ್ಮದು ಬೇರೆಯೇ.

ಆಗಿರುವುದು ಹೀಗಿರಬಹುದು. ಎಲ್ಲೋ ಒಬ್ಬರಿಗೆ ಆನ್‌ಲೈನ್‌ನಲ್ಲಿ ಮೋಸ ಆಗಿದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ, ಇಲ್ಲವೇ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಕಂಪ್ಲೇಂಟ್ ಕೊಟ್ಟಿದ್ದಾರೆ. ಆ ಕ್ಷಣದಿಂದ ಹಣ ಹೋದ ದಾರಿಯನ್ನು ಹಿಡಿದು ಬ್ಯಾಂಕಿನಿಂದ ಬ್ಯಾಂಕಿಗೆ ಸಂದೇಶ ಹೋಗುತ್ತದೆ. ಕಳ್ಳರು ಹಣವನ್ನು ಒಂದೇ ಕಡೆ ಇಡುವುದಿಲ್ಲ. ಮೊದಲ ಅಕೌಂಟಿನಿಂದ ಐದಾರು ಅಕೌಂಟಿಗೆ, ಅಲ್ಲಿಂದ ಇನ್ನೆಷ್ಟಕ್ಕೋ ಹಂಚಿಬಿಡುತ್ತಾರೆ. ಒಂದೊಂದು ಹಂತಕ್ಕೂ ಪೊಲೀಸರು ಲೇಯರ್ ಅನ್ನುತ್ತಾರೆ. ಮೂರನೆಯದೋ ನಾಲ್ಕನೆಯದೋ ಲೇಯರ್‌ನ ಹುಡುಗ ನಿಮ್ಮ ಅಂಗಡಿಗೆ ಬಂದು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು, ನಿಮ್ಮ ಅಕೌಂಟ್ ಆ ಸರಪಳಿಗೆ ಸೇರಿತು. ಅಕ್ಕಿ ಮಾರಿದ್ದೀರೋ, ಮೋಸಗಾರರ ಜೊತೆ ಸೇರಿದ್ದೀರೋ ಅಂತ ಆ ಹೊತ್ತಿಗೆ ಯಾರೂ ನೋಡುವುದಿಲ್ಲ. ಮೋಸ ಹೋದವರ ಹಣ ಉಳಿಯಬೇಕಾದರೆ ಇಷ್ಟು ಬೇಗ ತಡೆಯಲೇಬೇಕು, ಅದು ನಿಜ. ಆದರೆ ನಿಮ್ಮಂಥವರು ಸಿಕ್ಕಿಹಾಕಿಕೊಂಡಾಗ ಬಿಡಿಸುವುದಕ್ಕೂ ಅಷ್ಟೇ ಬೇಗ ಯಾರಾದರೂ ಓಡಾಡಬೇಕಲ್ವಾ? ಅದು ಆಗುತ್ತಿಲ್ಲ. ನನಗೆ ಹೆಚ್ಚು ನೋವಾಗುವುದು ಅದಕ್ಕೇ.

ಈಗ ಬ್ಯಾಂಕಿಗೆ ಮತ್ತೆ ಹೋಗಿ. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಡಿ. ಅದರ ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಕೇಳಬೇಕಾದದ್ದು ಇಷ್ಟು: ಕಂಪ್ಲೇಂಟಿನ ಅಕ್‌ನಾಲೆಡ್ಜ್‌ಮೆಂಟ್ ನಂಬರ್ (14 ಅಂಕಿ ಇರುತ್ತದೆ), ಯಾವ ಠಾಣೆ, ಠಾಣೆಯ ಇಮೇಲ್, ತಕರಾರು ಇರುವ ಮೊತ್ತ ಎಷ್ಟು, ಆ ಹಣ ನಿಮಗೆ ಬಂದ ತಾರೀಕು ಮತ್ತು ಯುಟಿಆರ್ ನಂಬರ್ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ಪೊಲೀಸರ ಪತ್ರದ ಪ್ರತಿ. ಇನ್ನೊಂದನ್ನು ಮರೆಯಬೇಡಿ: ಹಾಕಿರುವುದು ಲೀನಾ, ಡೆಬಿಟ್ ಫ್ರೀಜಾ?

ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ. ಲೀನ್ ಆದರೆ ಇಂತಿಷ್ಟು ಮೊತ್ತವನ್ನು ಮಾತ್ರ ಹಿಡಿದಿಡುತ್ತಾರೆ, ಉಳಿದದ್ದನ್ನು ನೀವು ಬಳಸಬಹುದು. ಡೆಬಿಟ್ ಫ್ರೀಜ್ ಆದರೆ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ. ಆದರೆ ಒಳಗೆ ಬರುತ್ತಲೇ ಇರುತ್ತದೆ! ಹಾಗಾಗಿ ಇವತ್ತೇ ಗಲ್ಲಾಪೆಟ್ಟಿಗೆ ಮುಂದಿನ ಕ್ಯೂಆರ್ ಸ್ಟ್ಯಾಂಡ್ ತೆಗೆದಿಡಿ. ಇಲ್ಲದಿದ್ದರೆ ದಿನದ ವ್ಯಾಪಾರವೆಲ್ಲ ಅದೇ ಬೀಗದೊಳಗೆ ಹೋಗಿ ಬೀಳುತ್ತದೆ.

ಪ್ರಶ್ನೆ (ಅದೇ ಅಂಗಡಿಯವರು, ಎರಡು ದಿನದ ನಂತರ):
ಮೇಡಂ, ನೀವು ಹೇಳಿದ ಹಾಗೆ ಅರ್ಜಿ ಕೊಟ್ಟೆ. ಮೊದಲು ತಗೊಳ್ಳಲಿಲ್ಲ, ಅಲ್ಲೇ ಕೂತಿದ್ದಕ್ಕೆ ಕೊನೆಗೆ ಸೀಲು ಹಾಕಿಕೊಟ್ಟರು. ತಕರಾರು ಇರುವುದು 4,500 ರೂಪಾಯಿಗೆ! ಆದರೆ ಡೆಬಿಟ್ ಫ್ರೀಜ್ ಮಾಡಿದ್ದಾರೆ. ಸ್ಟೇಟ್‌ಮೆಂಟ್ ನೋಡಿದಾಗ ನೆನಪಾಯಿತು. ಒಬ್ಬ ಹುಡುಗ ಬಂದಿದ್ದ. ಎಟಿಎಂನಲ್ಲಿ ದುಡ್ಡಿಲ್ಲ ಅಣ್ಣಾ, ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ, ಆಸ್ಪತ್ರೆಗೆ ಬೇಕು ಅಂದ. ಐನೂರರ ಸಾಮಾನು ತಗೊಂಡ, ನಾಲ್ಕು ಸಾವಿರ ಕ್ಯಾಶ್ ಕೊಟ್ಟೆ. ಪಾಪ ಅನ್ನಿಸಿತ್ತು. ಇದನ್ನು ಹೇಳಿದರೆ ನನಗೇ ತೊಂದರೆ ಆಗುತ್ತಾ? ಬರೀ ಸಾಮಾನು ಮಾರಿದೆ ಅಂತ ಬರೆಯಲಾ?

ಉತ್ತರ:
ಬೇಡ. ಆದದ್ದನ್ನು ಆದ ಹಾಗೇ ಬರೆಯಿರಿ. 4,500ಕ್ಕೂ ಸಾಮಾನು ಮಾರಿದೆ ಅಂತ ಸುಳ್ಳು ಬಿಲ್ ಮಾಡಿದರೆ, ಇವತ್ತಿಲ್ಲದ ಕೇಸು ನಾಳೆ ಆಗಬಹುದು. ಕ್ಯಾಶ್ ಕೊಟ್ಟದ್ದು ಅಪರಾಧ ಅಲ್ಲ, ಆದರೆ ಮೋಸದ ಹಣವನ್ನು ನಗದು ಮಾಡಿಕೊಳ್ಳಲು ಅವರು ಹುಡುಕುವುದೇ ಈ ದಾರಿಯನ್ನು. ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ಇದೆಯಾ? ಇದ್ದರೆ ಆ ದಿನದ ಫುಟೇಜ್ ಅಳಿಸಿಹೋಗುವ ಮೊದಲು ಪೆನ್‌ಡ್ರೈವ್‌ಗೆ ಹಾಕಿಸಿಡಿ. ಹುಡುಗನ ಮುಖ ಪೊಲೀಸರಿಗೂ ಬೇಕಾದದ್ದೇ.

ಈಗ ಆ ಠಾಣೆಗೆ ಒಂದು ಇಮೇಲ್. ಬ್ಯಾಂಕಿನ ಶಾಖೆಗೂ ಬ್ಯಾಂಕಿನ ನೋಡಲ್ ಅಧಿಕಾರಿಗೂ (ಇಂಥ ವಿಷಯ ನೋಡಿಕೊಳ್ಳಲು ನೇಮಿಸಿದವರು) ಕಾಪಿ ಹಾಕಿ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಸಿ, ಅಲ್ಲಿನವರಿಗೆ ಓದಲು ಬರಬೇಕಲ್ಲ. ಒಳಗಿನ ವಿಷಯ ಹೀಗಿರಲಿ:

"ನಾನು ಇಂಥ ಊರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತೇನೆ. ಇಂಥ ತಾರೀಕು, ಇಂಥ ಯುಟಿಆರ್ ಮೂಲಕ ನನಗೆ 4,500 ರೂ. ಬಂದಿದೆ. ಗಿರಾಕಿ 500 ರೂ. ಸಾಮಾನು, 4,000 ರೂ. ನಗದು ಪಡೆದರು. ಆ ವ್ಯಕ್ತಿ ನನಗೆ ಪರಿಚಯವಿಲ್ಲ. ತನಿಖೆಗೆ ಸಹಕರಿಸುತ್ತೇನೆ. ತಕರಾರಿನ 4,500 ರೂ.ಗೆ ಮಾತ್ರ ಲೀನ್ ಇಟ್ಟುಕೊಂಡು, ಅಕೌಂಟಿನ ಉಳಿದ ಹಣದ ಮೇಲಿನ ಫ್ರೀಜ್ ತೆಗೆಯಲು ಬ್ಯಾಂಕಿಗೆ ತಿಳಿಸಬೇಕಾಗಿ ಕೋರಿಕೆ."

ಜೊತೆಗೆ ಆಧಾರ್, ಅಂಗಡಿ ಲೈಸೆನ್ಸ್, ಆರು ತಿಂಗಳ ಸ್ಟೇಟ್‌ಮೆಂಟ್, ಅಂಗಡಿ ಬೋರ್ಡ್ ಕಾಣುವ ಒಂದು ಫೋಟೋ. ದಿನಾ ನೂರು, ಇನ್ನೂರು ರೂಪಾಯಿ ಬರುತ್ತಿರುವ ಸ್ಟೇಟ್‌ಮೆಂಟ್ ನೋಡಿದರೆ ಇದು ನಿಜವಾದ ಅಂಗಡಿ ಅಂತ ಯಾರಿಗಾದರೂ ತಿಳಿಯುತ್ತದೆ. ನಿಮ್ಮ ಕಡೆಯ ದೊಡ್ಡ ಸಾಕ್ಷಿ ಅದೇ.

ಆ ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಬಹಳ ಜನ "ನನ್ನ ಅಕೌಂಟ್ ಬಿಟ್ಟುಬಿಡಿ" ಅಂತ ಬರೆಯುತ್ತಾರೆ. ತನಿಖೆ ಮುಗಿಯದೆ ತಕರಾರಿನ ಹಣ ಬಿಡಲು ಅಧಿಕಾರಿ ಹಿಂದೆ ಮುಂದೆ ನೋಡುತ್ತಾರೆ, ಹಾಗಾಗಿ ಪೂರ್ತಿ ಅರ್ಜಿಯೇ ಮೂಲೆ ಸೇರುತ್ತದೆ. 4,500 ಇಟ್ಟುಕೊಳ್ಳಿ, 1 ಲಕ್ಷ 75 ಸಾವಿರದ 500 ಬಿಡಿ ಅಂದರೆ ಒಪ್ಪುವುದು ಅವರಿಗೂ ಸುಲಭ. 2023ರಲ್ಲಿ ಕೇರಳ ಹೈಕೋರ್ಟ್ ಮುಂದೆ ಇಂಥವೇ ಅರ್ಜಿಗಳು ಬಂದಿದ್ದವು. ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ಫ್ರೀಜ್ ಸೀಮಿತವಾಗಿರಲಿ ಅಂತ ಕೋರ್ಟ್ ಬ್ಯಾಂಕುಗಳಿಗೆ ಹೇಳಿತು. ಬೇರೆ ರಾಜ್ಯದ ಹೈಕೋರ್ಟ್ ಮಾತನ್ನು ಇಲ್ಲಿ ಪಾಲಿಸಲೇಬೇಕು ಅಂತಿಲ್ಲ, ಆದರೆ ಅದಕ್ಕೆ ತೂಕ ಇದೆ. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ.

ಇಎಂಐ ಕೊಟ್ಟ ಕಂಪನಿಗೂ ಇವತ್ತೇ ತಿಳಿಸಿ, ಬೇರೆ ಅಕೌಂಟಿನಿಂದ ಕಟ್ಟಿ. ಫ್ರೀಜ್ ಆದ ಅಕೌಂಟಿನಲ್ಲಿ ಹಣ ಇದ್ದರೂ ಇಎಂಐ ಬೌನ್ಸ್ ಆಗುತ್ತದೆ, ಸಿಬಿಲ್ ಸ್ಕೋರ್ (ಸಾಲ ಕೊಡುವವರು ನೋಡುವ ಅಂಕ) ಹಾಳಾಗುತ್ತದೆ. ಯಾರಿಗಾದರೂ ಚೆಕ್ ಕೊಟ್ಟಿದ್ದರೆ ಅವರಿಗೂ ಒಂದು ಮಾತು ಹೇಳಿಬಿಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ತುಮಕೂರು):
ಮೇಡಂ, ನನ್ನ ತಮ್ಮನದೂ ಇದೇ ಕಥೆ. ಅವನಿಗೆ ಒಬ್ಬರು ಫೋನ್ ಮಾಡಿ, ನಾನು ಸೈಬರ್ ಠಾಣೆಯಿಂದ ಮಾತಾಡ್ತಿದ್ದೇನೆ, 10 ಸಾವಿರ ಹಾಕಿದರೆ ನಾಳೆಯೇ ಅನ್‌ಫ್ರೀಜ್ ಲೆಟರ್ ಕಳಿಸ್ತೀನಿ ಅಂದಿದ್ದಾರೆ. ವಾಟ್ಸಾಪ್ ಡಿಪಿಯಲ್ಲಿ ಪೊಲೀಸ್ ಡ್ರೆಸ್ ಇದೆ. ಕೊಡಬಹುದಾ?

ಉತ್ತರ:
ಒಂದು ಪೈಸೆಯನ್ನೂ ಕೊಡಬೇಡಿ. ಅಕೌಂಟ್ ಬಿಡಿಸಲು ಸರ್ಕಾರಕ್ಕೆ ಕಟ್ಟುವ ಫೀಸ್ ಅಂತ ಯಾವುದೂ ಇಲ್ಲ. ಫ್ರೀಜ್ ಆಗಿ ಕಂಗಾಲಾದವರನ್ನು ಹುಡುಕಿ ಮತ್ತೆ ಮೋಸ ಮಾಡುವವರಿದ್ದಾರೆ. ಆ ಠಾಣೆಯ ನಂಬರನ್ನು ಆಯಾ ರಾಜ್ಯದ ಪೊಲೀಸ್ ವೆಬ್‌ಸೈಟಿನಿಂದ ತೆಗೆದು, ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ಕಂಪ್ಲೇಂಟ್ ನಂಬರ್ ಹೇಳಿ, ಇಂಥ ಅಧಿಕಾರಿ ಇದ್ದಾರಾ ಅಂತ ಕೇಳಲಿ. ವಾಟ್ಸಾಪಿಗೆ ಬಂದ ನಂಬರಿಗೇ ವಾಪಸ್ ಫೋನ್ ಮಾಡಿ ವಿಚಾರಿಸಿದರೆ ಪ್ರಯೋಜನವಿಲ್ಲ.

ನಿಜವಾದ ಅಧಿಕಾರಿಯೇ "ತಕರಾರಿನ ಮೊತ್ತ ದೂರುದಾರರಿಗೆ ವಾಪಸ್ ಕೊಟ್ಟುಬಿಡಿ, ಮುಗಿಸೋಣ" ಅನ್ನುವುದೂ ಉಂಟು. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಒಪ್ಪಿದರೆ ಅದು ಬರವಣಿಗೆಯಲ್ಲಿರಲಿ, ಹಣ ಬ್ಯಾಂಕ್ ಅಥವಾ ಕೋರ್ಟ್ ಮೂಲಕವೇ ಹೋಗಲಿ. ಯಾರ ಸ್ವಂತ ಯುಪಿಐಗೂ ಹಾಕಬೇಡಿ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ):
ಅಕ್ಕಾ, ನಮ್ಮ ಸೀನಿಯರ್ ಒಬ್ಬ ನನ್ನ ಹೆಸರಲ್ಲಿ ಅಕೌಂಟ್ ಮಾಡಿಸಿ ಎಟಿಎಂ ಕಾರ್ಡು, ಸಿಮ್ ತಗೊಂಡ. ತಿಂಗಳಿಗೆ 5 ಸಾವಿರ ಕೊಡ್ತೀನಿ ಅಂದಿದ್ದ. ಈಗ ಫ್ರೀಜ್ ಆಗಿದೆ. ಲಕ್ಷಗಟ್ಟಲೆ ಬಂದು ಹೋಗಿದೆ. ಮನೆಯಲ್ಲಿ ಹೇಳಿಲ್ಲ. ಚಾಟ್ ಎಲ್ಲಾ ಡಿಲೀಟ್ ಮಾಡಿಬಿಡಲಾ?

ಉತ್ತರ:
ಡಿಲೀಟ್ ಮಾಡಬೇಡ ತಮ್ಮಾ. ಆ ಚಾಟ್ ಒಂದೇ ನಿನ್ನನ್ನು ಉಳಿಸಬಹುದಾದದ್ದು. ಅಕೌಂಟ್ ನಡೆಸಿದ್ದು ಯಾರು, ಕಾರ್ಡ್ ಯಾರ ಕೈಯಲ್ಲಿತ್ತು ಅನ್ನುವುದು ಅದರಲ್ಲೇ ಇದೆ.

ನಿನ್ನದು ಅಂಗಡಿಯವರ ಕೇಸಿನಂತಲ್ಲ. ಇದಕ್ಕೆ ಮ್ಯೂಲ್ ಅಕೌಂಟ್ ಅನ್ನುತ್ತಾರೆ. ಬಾಡಿಗೆಗೆ ಅಕೌಂಟ್ ಕೊಟ್ಟವರನ್ನೂ ಪೊಲೀಸರು ಆರೋಪಿ ಮಾಡುತ್ತಾರೆ, ಅರೆಸ್ಟ್ ಕೂಡ ಆಗುತ್ತದೆ. ಹೆದರಿಸಲು ಹೇಳುತ್ತಿಲ್ಲ, ಇವತ್ತು ರಾತ್ರಿಯೇ ಅಪ್ಪ ಅಮ್ಮನಿಗೆ ಹೇಳಿಬಿಡು ಅಂತ ಹೇಳುತ್ತಿದ್ದೇನೆ. ಬೈಯುತ್ತಾರೆ, ಬೈಯಲಿ. ಹೊರ ರಾಜ್ಯದ ಪೊಲೀಸರು ಬಾಗಿಲಿಗೆ ಬಂದಾಗ ಅವರಿಗೆ ಗೊತ್ತಾಗುವುದಕ್ಕಿಂತ ಇದು ಸಾವಿರ ಪಾಲು ವಾಸಿ. ನಾಳೆ ಒಬ್ಬ ಕ್ರಿಮಿನಲ್ ವಕೀಲರನ್ನು ಎದುರಿಗೆ ಕೂತು ಭೇಟಿ ಮಾಡು. ಅವರ ಜೊತೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಸೀನಿಯರ್ ಮೇಲೆ ದೂರು ಕೊಡುವ ಬಗ್ಗೆ ಮಾತಾಡು. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) ಕಲಂ 35(3)ರಲ್ಲಿ ವಿಚಾರಣೆಗೆ ಬನ್ನಿ ಅಂತ ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡ, ಹಾಜರಾದರೆ ಅರೆಸ್ಟ್ ಆಗುವ ಸಾಧ್ಯತೆ ಕಡಿಮೆ. ನಿರೀಕ್ಷಣಾ ಜಾಮೀನು ಬೇಕಾ ಅಂತ ವಕೀಲರು ನೋಡುತ್ತಾರೆ, ಅದಕ್ಕೆ ಕಲಂ 482 ಇದೆ. ಸೀನಿಯರ್ ಫೋನ್ ಮಾಡಿ "ಸುಮ್ನೆ ಇರು, ಎಲ್ಲಾ ಸರಿ ಮಾಡ್ತೀನಿ" ಅಂದರೆ ನಂಬಬೇಡ. ಹೆಸರು, ವಿವರ ಇಲ್ಲಿ ಹಾಕಬೇಡ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಶಿರಸಿ):
ನನ್ನ ಪೆನ್ಷನ್ ಅಕೌಂಟೂ ನಿಂತಿದೆ. ಕೆವೈಸಿ ಅಂತ ಮೆಸೇಜ್ ಬಂದಿದೆ. ಇದೂ ಪೊಲೀಸ್ ಕೇಸೇ?

ಉತ್ತರ:
ಅಲ್ಲ ಸರ್. ಕೆವೈಸಿ ಬಾಕಿ ಇದ್ದರೆ ಬ್ಯಾಂಕೇ ನಿಲ್ಲಿಸುತ್ತದೆ. ಆಧಾರ್, ಪ್ಯಾನ್, ಫೋಟೋ ತಗೊಂಡು ಶಾಖೆಗೆ ಹೋಗಿ, ಬಿಡಿಸಿಕೊಡುತ್ತಾರೆ. ಮೆಸೇಜಿನಲ್ಲಿ ಲಿಂಕ್ ಇದ್ದರೆ ಮಾತ್ರ ಒತ್ತಬೇಡಿ.

ಪ್ರಶ್ನೆ (ಕಿರಾಣಿ ಅಂಗಡಿಯವರು, ಮತ್ತೆ):
ಇಮೇಲ್ ಕಳಿಸಿ ಮೂರು ವಾರ ಆಯಿತು ಮೇಡಂ. ಒಂದು ಸಲ ಫೋನ್ ಎತ್ತಿದರು, ಇಲ್ಲಿಗೇ ಬನ್ನಿ ಅಂದರು. ಎರಡು ದಿನದ ರೈಲು. ಅಂಗಡಿ ಮುಚ್ಚಿ ಹೋಗಬೇಕಾ?

ಉತ್ತರ:
ಬಾಯಿಮಾತಿಗೆ ಹೋಗಬೇಡಿ. ಬರವಣಿಗೆಯಲ್ಲಿ ನೋಟಿಸ್ ಕಳಿಸಿ ಅಂತ ಇಮೇಲ್ ಮಾಡಿ, ವಿಡಿಯೋ ಕಾಲ್‌ನಲ್ಲಿ ಹೇಳಿಕೆ ಕೊಡಲು ಸಿದ್ಧ ಅಂತಲೂ ಬರೆಯಿರಿ. ನೋಟಿಸ್ ಬಂದರೆ ನಿರ್ಲಕ್ಷ್ಯ ಬೇಡ, ನನಗೋ ನಿಮ್ಮ ವಕೀಲರಿಗೋ ತೋರಿಸಿ.

ಈಗ ಒಂದು ಮೆಟ್ಟಿಲು ಮೇಲೆ ಹೋಗೋಣ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಪ್ರತಿ ರಾಜ್ಯದ ನೋಡಲ್ ಅಧಿಕಾರಿ, ಕುಂದುಕೊರತೆ ಅಧಿಕಾರಿಯ ಇಮೇಲ್ ಇದೆ. ಆ ರಾಜ್ಯದವರಿಬ್ಬರಿಗೂ ಹಳೆಯ ಇಮೇಲನ್ನೇ ಫಾರ್ವರ್ಡ್ ಮಾಡಿ. ಬ್ಯಾಂಕ್ ಪೊಲೀಸರ ಪತ್ರದ ಪ್ರತಿ ಕೊಡದಿದ್ದರೆ, ಅಥವಾ ಪೊಲೀಸರು 4,500 ಅಂದಿದ್ದರೂ ತಾನಾಗಿ ಪೂರ್ತಿ ಅಕೌಂಟ್ ಹಿಡಿದಿದ್ದರೆ, ಅದು ಬ್ಯಾಂಕಿನ ಸೇವೆಯ ಲೋಪ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448. ಆದರೆ ಪೊಲೀಸರ ಆದೇಶವನ್ನೇ ತೆಗೆಸುವ ಅಧಿಕಾರ ಅವರಿಗಿಲ್ಲ.

ಪೊಲೀಸರು ತಾವಾಗಿ ತೆಗೆಯದಿದ್ದರೆ ಅದಕ್ಕೆ ಕೋರ್ಟಿಗೆ ಹೋಗಬೇಕಾಗುತ್ತದೆ. ಪೊಲೀಸರು ಸಾಮಾನ್ಯವಾಗಿ ಫ್ರೀಜ್ ಮಾಡುವುದು ಬಿಎನ್‌ಎಸ್‌ಎಸ್ ಕಲಂ 106ರ ಕೆಳಗೆ. 2024ರ ಜುಲೈ 1ಕ್ಕೆ ಮೊದಲು ಅದೇ ಹಳೆಯ ಕಾನೂನಾದ ಸಿಆರ್‌ಪಿಸಿಯ ಕಲಂ 102 ಆಗಿತ್ತು. ಬ್ಯಾಂಕ್ ಅಕೌಂಟ್ ಕೂಡ ಜಪ್ತಿ ಮಾಡಬಹುದಾದ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ, ಹಾಗಾಗಿ ಅಧಿಕಾರವೇ ಇಲ್ಲ ಅಂತ ವಾದಿಸುವುದು ಸುಲಭವಲ್ಲ. ಆದರೆ ಜಪ್ತಿ ಮಾಡಿದ್ದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಅದೇ ಕಲಂ ಹೇಳುತ್ತದೆ. ತಿಳಿಸಿದ್ದಾರಾ ಅಂತ ಇಮೇಲಿನಲ್ಲೇ ಕೇಳಿ. ಬಿಡಿಸಿಕೊಡಿ ಅಂತ ಆ ಮ್ಯಾಜಿಸ್ಟ್ರೇಟರ ಮುಂದೆ ಕಲಂ 503ರಲ್ಲಿ ಅರ್ಜಿ ಹಾಕಬಹುದು, ಅಲ್ಲಿನ ವಕೀಲರು ಬೇಕಾಗುತ್ತಾರೆ. ಇನ್ನೊಂದು ದಾರಿ ನಮ್ಮ ಹೈಕೋರ್ಟಿನಲ್ಲಿ ರಿಟ್, ಅಂದರೆ ಅಧಿಕಾರಿಗಳಿಗೆ ಆದೇಶ ಕೊಡಿ ಅಂತ ಕೇಳುವ ಅರ್ಜಿ. ನಿಮ್ಮ ಅಕೌಂಟ್, ಅಂಗಡಿ, ನಷ್ಟ ಎಲ್ಲಾ ಇಲ್ಲೇ ಇರುವುದರಿಂದ ಇಲ್ಲೇ ಕೇಳಬಹುದು ಅಂತ ವಾದಿಸಲು ಆಧಾರ ಇದೆ. ಹಾವೇರಿ ಜಿಲ್ಲೆಗೆ ಧಾರವಾಡ ಪೀಠ, ನಿಮಗೆ ದೂರವೇನಲ್ಲ. ಖರ್ಚಿನ ಚಿಂತೆ ಇದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಆದಾಯದ ಮಿತಿಯೊಳಗಿದ್ದರೆ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ, ಎಸ್‌ಸಿ, ಎಸ್‌ಟಿಯವರಿಗೂ ಇಲ್ಲ.

ರಿಟ್ ಹಾಕುವ ಮೊದಲು ನೋಡಲ್ ಅಧಿಕಾರಿಗೆ ಕಳಿಸುವ ಇಮೇಲ್ ಗಟ್ಟಿಯಾಗಿರಲಿ, ಕೋರ್ಟಿನಲ್ಲಿ ಮೊದಲು ಕೇಳುವುದೇ "ಅವರಿಗೆ ಬರೆದಿದ್ದೀರಾ?" ಅಂತ. ಡ್ರಾಫ್ಟ್ ಮಾಡಿ, ಅಕೌಂಟ್ ನಂಬರ್ ಮತ್ತು ಫೋನ್ ನಂಬರ್ ಮುಚ್ಚಿ ಇಲ್ಲಿ ಹಾಕಿ. ರಾತ್ರಿ ಕೂತು ತಿದ್ದಿಕೊಡುತ್ತೇನೆ.