ಮಗಳ ಇಂಜಿನಿಯರಿಂಗ್‌ಗೆ ಸೈಟ್ ಮಾರೋದಾ, ಸಾಲ ಮಾಡೋದಾ? ಅನುಭವ ಇದ್ದವರು ಹೇಳಿ

ತರೀಕೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಸಿಇಟಿಯಲ್ಲಿ 31 ಸಾವಿರದ ರ‍್ಯಾಂಕ್ ಬಂದಿದೆ. ಹಾಸನದ ಒಂದು ಕಾಲೇಜಿನಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಸಿಕ್ಕಿದೆ, ಸರ್ಕಾರಿ ಕೋಟಾ, ವರ್ಷಕ್ಕೆ ಲಕ್ಷದ ಆಸುಪಾಸು. ಅವಳಿಗೆ ಕಂಪ್ಯೂಟರ್ ಸೈನ್ಸೇ ಬೇಕಂತೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟ್ ಇದೆ, ವರ್ಷಕ್ಕೆ ನಾಲ್ಕೂವರೆ ಲಕ್ಷ ಅಂತಾರೆ, ಹಾಸ್ಟೆಲ್ ಬೇರೆ. ನಮ್ಮ ಮನೆಯವರು ಅನುದಾನಿತ ಹೈಸ್ಕೂಲಿನಲ್ಲಿ ಮೇಷ್ಟ್ರು, ನಿವೃತ್ತಿಗೆ 5 ವರ್ಷ ಇದೆ. ಚಿಕ್ಕವನು ಎಂಟನೇ ಕ್ಲಾಸು. ಊರಲ್ಲಿ 30×40 ಅಡಿಯ ಒಂದು ಸೈಟ್ ಇದೆ. ಅದನ್ನ ಮಾರೋದಾ, ಎಜುಕೇಶನ್ ಲೋನ್ ತಗೊಳೋದಾ, ಸುಮ್ನೆ ಹಾಸನಕ್ಕೇ ಸೇರಿಸೋದಾ? ಸಿಕ್ಕಿದ ಸೀಟು ಇಟ್ಕೊಳೋದಾ, ಬಿಡೋದಾ ಅಂತ ಶುಕ್ರವಾರದೊಳಗೆ ಚಾಯ್ಸ್ ಹಾಕಬೇಕು.

ದಾವಣಗೆರೆ ಅಪ್ಪ:
ಅಕ್ಕ, ಸೈಟ್ ಮಾತ್ರ ಮುಟ್ಟಬೇಡಿ. ನಾನು 2019ರಲ್ಲಿ ಮುಟ್ಟಿದೆ, ಇವತ್ತಿಗೂ ಆ ರಸ್ತೆಯಲ್ಲಿ ಹೋಗೋದಿಲ್ಲ. 14.5 ಲಕ್ಷಕ್ಕೆ ಕೊಟ್ಟೆ. ತಗೊಂಡವನು ಮೂರು ಅಂತಸ್ತು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ, ಕೆಳಗೆ ಮೆಡಿಕಲ್ ಶಾಪ್ ಇದೆ. ಪಕ್ಕದ ಸೈಟ್ ಹೋದ ವರ್ಷ 38ಕ್ಕೆ ಹೋಯ್ತು.

ಮಗನಿಗೆ ಕಂಪ್ಯೂಟರ್ ಸೈನ್ಸ್. ವರ್ಷಕ್ಕೆ 2,75,000 ಅಂದಿದ್ದರು. ಸೇರಿದ ಮೇಲೆ ಒಂದೊಂದೇ ಚೀಟಿ ಹೊರಗೆ ಬಂತು. ಸ್ಕಿಲ್ ಲ್ಯಾಬ್ ಅಂತ 38,000. ಬ್ಲೇಜರ್ 6,500, ಅದನ್ನ ಎರಡು ಸಲ ಹಾಕಿದ್ದಾನೆ. ಬಸ್ಸಿಗೆ 32,000, ಇವನು ಪಿಜಿಯಲ್ಲಿ ಇದ್ದವನು, ಕಾಲೇಜಿಗೆ ನಡೆದೇ ಹೋಗ್ತಿದ್ದ, ಆದರೂ ಮೊದಲ ವರ್ಷ ಎಲ್ಲರೂ ಕಟ್ಟಲೇಬೇಕು ಅಂದರು. ಪಿಜಿ ತಿಂಗಳಿಗೆ 8,500, ಅಡ್ವಾನ್ಸ್ 20,000, ಬಿಡುವಾಗ ಪೇಂಟಿಂಗ್ ಅಂತ 5,000 ಹಿಡ್ಕೊಂಡ. ಇನ್ನು 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಮಗ ನಮ್ಮ ಮನೆಯ ಅಟ್ಟದ ಮೇಲೆ ಮೊಬೈಲ್ ಹಿಡ್ಕೊಂಡು ಪಾಠ ಕೇಳಿದ, ಅಲ್ಲೇ ಸಿಗ್ನಲ್ ಬರ್ತಿದ್ದದ್ದು. ಫೀಸು ಮಾತ್ರ ಪೂರ್ತಿ, ಲ್ಯಾಬ್ ಫೀಸೂ ಸೇರಿ. ಪಿಜಿಯವನು ಸಾಮಾನು ಅಲ್ಲೇ ಇದೆಯಲ್ಲ ಅಂತ ಅರ್ಧ ಬಾಡಿಗೆ ತಗೊಂಡ. ಒಂದು ಹಾಸಿಗೆ, ಒಂದು ಬಕೆಟ್, ಅಷ್ಟೇ ಇದ್ದದ್ದು.

2023ರಲ್ಲಿ ಮುಗೀತು. ಕೈಯಲ್ಲಿ ಆಫರ್ ಲೆಟರ್ ಇತ್ತು, 3.6 ಲಕ್ಷದ್ದು. ಕರೆಯೋಕೆ 11 ತಿಂಗಳು ತಗೊಂಡರು. ಆ 11 ತಿಂಗಳು ಮನೆಯಲ್ಲಿ ನಾವು ಮೂರು ಜನ ಮುಖ ಕೊಟ್ಟು ಮಾತಾಡಲಿಲ್ಲ.

ಹುಬ್ಬಳ್ಳಿ ರಿಟೈರ್ಡ್ ಬ್ಯಾಂಕರ್:
ಅಲ್ರೀ, ಸೈಟ್ ಮಾರೋದ್ಯಾಕೆ? ಅಡ ಇಡ್ರಿ. 31 ವರ್ಷ ಬ್ಯಾಂಕಿನಲ್ಲಿ ಇದ್ದವನು ಹೇಳ್ತೀನಿ ಕೇಳ್ರಿ. ಸಾಮಾನ್ಯವಾಗಿ 4 ಲಕ್ಷದ ತನಕ ಏನೂ ಕೇಳೋದಿಲ್ಲ, ಏಳೂವರೆ ತನಕ ಜಾಮೀನು, ಅದರ ಮೇಲೆ ಹೋದರೆ ಆಸ್ತಿ. ಜನ ಸಾಲ ಅಂದ ಕೂಡಲೇ ಹೆದರ್ತಾರೆ, ಲೆಕ್ಕ ಹಾಕೋದಿಲ್ಲ. 10 ಲಕ್ಷ ಅಂತ ಇಟ್ಕೊಳ್ರಿ, ವರ್ಷಕ್ಕೆ ಎರಡೂವರೆಯಂತೆ ಕೊಡ್ತಾರೆ, ಬಡ್ಡಿ 10.5. ಓದು ಮುಗಿದು ಇನ್ನೊಂದು ವರ್ಷದ ತನಕ ಕಂತಿಲ್ಲ, ಸರಳ ಬಡ್ಡಿ ಓಡ್ತದೆ, ಒಟ್ಟು ಸುಮಾರು 3.67 ಲಕ್ಷ. ಆಮೇಲೆ ಅದು ಅಸಲಿಗೆ ಸೇರ್ತದೆ. ಆಗ 10 ವರ್ಷಕ್ಕೆ ತಿಂಗಳ ಕಂತು 18,450ರ ಹತ್ತಿರ. ಅದೇ ಓದುವಾಗಲೇ ಬಡ್ಡಿ ಕಟ್ಟಿಬಿಟ್ಟರೆ (ಮೊದಲ ವರ್ಷ ತಿಂಗಳಿಗೆ ಬರೀ 2,200, ನಾಲ್ಕನೇ ವರ್ಷ 8,750) ಕಂತು 13,500ಕ್ಕೆ ಇಳೀತದೆ, ಬಡ್ಡಿಯಲ್ಲೂ ಎಷ್ಟೋ ಬ್ಯಾಂಕು ಒಂದು ಪರ್ಸೆಂಟ್ ಬಿಡ್ತಾವೆ. ನನ್ನ ಇಬ್ಬರು ಮಕ್ಕಳಿಗೂ ಹೀಗೇ ಮಾಡಿದೆ. ಒಂದು ದಿನ ತಡ ಆಗಿಲ್ಲ. ಕಟ್ಟಿದ ಬಡ್ಡಿಗೆ ಟ್ಯಾಕ್ಸ್ ವಿನಾಯ್ತಿಯೂ ಉಂಟು.

ಕಂತು ಕಟ್ಟುವವಳು:
ಸರ್, ಆ ವಿನಾಯ್ತಿ ಹಳೇ ಟ್ಯಾಕ್ಸ್ ರೆಜಿಮ್‌ನಲ್ಲಿ ಮಾತ್ರ. ಹೊಸದರಲ್ಲಿ ಇಲ್ಲ. ನನ್ನ ಸಂಬಳಕ್ಕೆ ಹೇಗೂ ಟ್ಯಾಕ್ಸೇ ಬರೋದಿಲ್ಲ, ಆ ವಿನಾಯ್ತಿ ತಗೊಂಡು ಉಪ್ಪಿನಕಾಯಿ ಹಾಕಲಾ?

ನಿಮ್ಮ ಮಕ್ಕಳಿಗೆ ಸಾಲ ಸಿಕ್ಕಿದ್ದು ನೀವು ಕೌಂಟರಿನ ಒಳಗೆ ಕೂತಿದ್ದಕ್ಕೆ. ನನ್ನ ಅಪ್ಪನನ್ನ ಏಳು ಸಲ ಅಲೆಸಿದರು. ಅಪ್ಪ ಟೈಲರ್. ಒಂದು ದಿನ ಹೋದರೆ ಒಂದು ದಿನದ ಕೆಲಸ ಹೋಯ್ತು. ಮೊದಲ ಸಲ ಐಟಿ ರಿಟರ್ನ್ ಎಲ್ಲಿ ಅಂದರು. ಎರಡನೇ ಸಲ ಮ್ಯಾನೇಜರ್ ರಜೆ. ಮೂರನೇ ಸಲ ನಿಮ್ಮ ಮನೆ ಈ ಬ್ರಾಂಚಿನ ವ್ಯಾಪ್ತಿಗೆ ಬರೋದಿಲ್ಲ ಅಂದರು. ಅಡಮಾನಕ್ಕೆ ಅಂತ ಸೈಟಿನ ಪತ್ರ ತಗೊಂಡು ಹೋದರೆ, ಗ್ರಾಮ ಪಂಚಾಯ್ತಿ ಖಾತೆ, ಕೃಷಿ ಜಮೀನಿನಿಂದ ಕನ್ವರ್ಷನ್ ಆಗಿಲ್ಲ, ಸಾಲ ಆಗೋದಿಲ್ಲ ಅಂದರು. ಅದನ್ನ ಹೇಳೋಕೆ ಮುಂಚೆ ಲೀಗಲ್ ಒಪೀನಿಯನ್‌ಗೆ 3,500, ವ್ಯಾಲ್ಯುಯೇಷನ್‌ಗೆ 4,000 ಕಟ್ಟಿಸ್ಕೊಂಡಿದ್ದರು. ಕೊನೆಗೆ ಸೋದರಮಾವ ಜಾಮೀನು ಹಾಕಿ ಏಳೂವರೆ ಕೊಡಿಸಿದರು. ಆಮೇಲೆ ಒಂದು ಕಂತು ತಡ ಆದಾಗ ಫೋನ್ ಹೋಗಿದ್ದು ಮಾವನಿಗೆ, ಅದೂ ಅವರ ಮಗಳ ನಿಶ್ಚಿತಾರ್ಥದ ದಿನ.

ಈಗ ನನಗೆ 26. ಹೋದ ತಿಂಗಳು ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಕಾಫಿ ಕುಡಿದು ಲೋಟ ಕೆಳಗಿಟ್ಟು, ಮದುವೆ ಆದಮೇಲೆ ಆ ಸಾಲ ಯಾರು ಕಟ್ಟೋದು ಅಂತ ಕೇಳಿದರು. ನಾನೇ ಕಟ್ಟೋದು ಅಂದೆ. ಹಾಗಾದರೆ ಸಂಬಳ ಅಂದರೆ ಎಷ್ಟು ಉಳೀತದೆ ಅಂದರು. ನಿಮ್ಮ ಎಕ್ಸೆಲ್ ಶೀಟಲ್ಲಿ ಇದಕ್ಕೆ ಒಂದು ಕಾಲಂ ಇದೆಯಾ ಸರ್?

ಹುಬ್ಬಳ್ಳಿ ರಿಟೈರ್ಡ್ ಬ್ಯಾಂಕರ್:
ತಂಗಿ, ಬ್ಯಾಂಕು ಧರ್ಮಛತ್ರ ಅಲ್ಲ. ಎಷ್ಟು ಜನ ಸಾಲ ತಗೊಂಡು ಅಡ್ರೆಸ್ ಬದಲಿಸ್ತಾರೆ ಅಂತ ನನಗೆ ಗೊತ್ತು. ಅವರ ಮನೆ ಮುಂದೆ ಬಿಸಿಲಲ್ಲಿ ನಿಂತವನು ನಾನು.

ಕಂತು ಕಟ್ಟುವವಳು:
ನಾನು ಬದಲಿಸಿಲ್ಲ. ಅದೇ ಮನೆ. ಬನ್ನಿ, ಕಾಫಿ ಕೊಡ್ತೀನಿ.

ಡಿಪ್ಲೊಮಾ ಅಪ್ಪ, ಮಂಡ್ಯ:
ಎಲ್ಲರೂ ಪಿಯುಸಿಗೇ ಯಾಕೆ ಓಡ್ತೀರಿ ಅಂತ ನನಗೆ ಅರ್ಥ ಆಗೋದಿಲ್ಲ. ನನ್ನ ಮಗಳನ್ನ ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ಗೆ ಹಾಕಿದೆ. ನೆಂಟರೆಲ್ಲ ನಕ್ಕರು. 94 ಪರ್ಸೆಂಟ್ ತಗೊಂಡ ಹುಡುಗಿಯನ್ನ ಡಿಪ್ಲೊಮಾಗೆ ಹಾಕ್ತಾನೆ, ಜಿಪುಣ ಅಂದರು. ಮೂರು ವರ್ಷಕ್ಕೆ ಫೀಸು, ಬುಕ್ಕು, ಡ್ರಾಯಿಂಗ್ ಬೋರ್ಡು, ಬಸ್ ಪಾಸು ಎಲ್ಲ ಸೇರಿ 41 ಸಾವಿರ. ನನ್ನ ಹತ್ತಿರ ಪುಸ್ತಕದಲ್ಲಿ ಬರೆದ ಲೆಕ್ಕ ಇದೆ. ಡಿಪ್ಲೊಮಾದವರ ಸಿಇಟಿ, ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋದಳು, ಸರ್ಕಾರಿ ಕೋಟಾ ಸೀಟು. ಅದೇ ನಕ್ಕ ನೆಂಟರು ಮಗನ ನೀಟ್ ಕೋಚಿಂಗಿಗೆ ಅಂತ ಎರಡು ವರ್ಷಕ್ಕೆ ಐದು ಲಕ್ಷ ಸುರಿದು, ಈಗ ಹುಡುಗ ಬಿಎಸ್ಸಿ ಓದ್ತಿದ್ದಾನೆ.

ದಾವಣಗೆರೆ ಅಪ್ಪ:
ಆ ಅಮ್ಮನ ಮಗಳದ್ದು ಪಿಯುಸಿ ಆಗಿಹೋಗಿದೆ ಸ್ವಾಮಿ. ಈಗ ಡಿಪ್ಲೊಮಾ ಪುರಾಣ ಯಾಕೆ? ಮತ್ತೆ ಹೀಗೆ ಡಿಪ್ಲೊಮಾದಿಂದ ಲ್ಯಾಟರಲ್ ಬಂದ ಹುಡುಗರಿಗೆ ಮ್ಯಾಥ್ಸ್ ಫೇಲಾಗಿ ಎಷ್ಟು ಬ್ಯಾಕ್ ಉಳಿಯುತ್ತೆ ಅಂತಲೂ ಹೇಳಿ.

ಡಿಪ್ಲೊಮಾ ಅಪ್ಪ, ಮಂಡ್ಯ:
ನನ್ನ ಮಗಳಿಗೆ ಒಂದೂ ಬ್ಯಾಕ್ ಇಲ್ಲ. 11 ತಿಂಗಳು ಮನೆಯಲ್ಲಿ ಕೂತೂ ಇಲ್ಲ.

ದಾವಣಗೆರೆ ಅಪ್ಪ:
ಈ ಮಾತು ಬೇಕಿರಲಿಲ್ಲ.

ಮೂರನೇ ಚಾಯ್ಸ್ ಒತ್ತಿದವನು:
ಇವರ ಜಗಳ ಬಿಡಿ. ನಮ್ಮ ಮನೆಯದ್ದು ಕೇಳಿ. ಮಗನಿಗೆ ಮೊದಲ ಸುತ್ತಿನಲ್ಲಿ ಮೈಸೂರಿನಲ್ಲಿ ಒಳ್ಳೆ ಕಾಲೇಜು, ಮೆಕ್ಯಾನಿಕಲ್. ಚಾಯ್ಸ್ 2 ಹಾಕಿದ್ದರೆ ಸೀಟು ಕೈಯಲ್ಲೇ ಇದ್ದು ಮುಂದಿನ ಸುತ್ತಿಗೂ ಹೋಗಬಹುದಿತ್ತು. ಸೈಬರ್ ಸೆಂಟರಿನ ಹುಡುಗ 3 ಒತ್ತಿದ, ಅಂದರೆ ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ. ಒತ್ತು ಅಂದಿದ್ದು ನಾನೇ, ಅವನನ್ನ ಬೈದು ಏನು ಪ್ರಯೋಜನ? ಸೀಟು ಹೋಯ್ತು. ಎರಡನೇ ಸುತ್ತಲ್ಲಿ ಏನೂ ಬರಲಿಲ್ಲ. ಆಮೇಲೆ ಮ್ಯಾನೇಜ್‌ಮೆಂಟ್ ಅಂತ ಒಬ್ಬ ಏಜೆಂಟ್ ಹಿಡಿದು ಹೋದರೆ, 2 ಲಕ್ಷ ಕ್ಯಾಷ್, ರಸೀದಿ ಇಲ್ಲ. ಕ್ಯಾಪಿಟೇಷನ್ ಅಂದರೆ ಡೊನೇಷನ್ ಕೂಡದು ಅಂತ ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾನೂನು ಆಗಿದೆ. ಆ ರೂಮಿನಲ್ಲಿ ಕೂತು ನೋಟು ಎಣಿಸುವಾಗ ನನಗೆ ಅದೇ ನೆನಪಾಗ್ತಿತ್ತು. ನಾನು ಕೆಲಸ ಮಾಡೋದು ವಕೀಲರ ಆಫೀಸಿನಲ್ಲಿ.

ಹುಬ್ಬಳ್ಳಿ ರಿಟೈರ್ಡ್ ಬ್ಯಾಂಕರ್:
ಕೊಡೋರು ಇರೋದಕ್ಕೇ ಅವರು ತಗೊಳೋದು. ಇನ್ನೊಂದು, 2024ರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಬಂದಿದೆ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಕಂತು ಶುರುವಾಗೋ ತನಕ 3 ಪರ್ಸೆಂಟ್ ಬಡ್ಡಿ ಸರ್ಕಾರ ಕೊಡ್ತದೆ. ಆದರೆ ಪಟ್ಟಿಯಲ್ಲಿರೋ ಕಾಲೇಜು ಆಗಬೇಕು, ಮೆರಿಟ್ ಸೀಟೇ ಆಗಬೇಕು. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ.

ಕೊಪ್ಪದ ತೋಟದವರು:
ತರೀಕೆರೆ ಕಡೆಯವರಿಗೆ ಸಾಲ ಯಾಕೆ, ಅಡಿಕೆ ಇದೆಯಲ್ಲ ಅಂತ ಯಾರಾದರೂ ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ನಮಗೆ ಎರಡೂವರೆ ಎಕರೆ ಇದೆ. ಎಲೆಚುಕ್ಕಿ ರೋಗ ಬಂದು ಮೂರು ವರ್ಷ ಆಯ್ತು. ಔಷಧಿ ಹೊಡೆಸೋಕೆ ಮರ ಹತ್ತೋರು ಸಿಗೋದಿಲ್ಲ, ದೋಟಿಯಲ್ಲಿ ಹೊಡೆಯೋರು ದಿನಕ್ಕೆ ಸಾವಿರದ ಮೇಲೆ ಕೇಳ್ತಾರೆ. ರೇಟು ಚೆನ್ನಾಗಿದೆ ಅಂತ ಪೇಪರಲ್ಲಿ ಬರುತ್ತೆ, ಮರದಲ್ಲಿ ಕಾಯಿ ಇದ್ದರೆ ತಾನೇ? ಮಗಳ ಹಾಸ್ಟೆಲ್ ಫೀಸು 96,000 ಕಟ್ಟೋಕೆ ಸೊಸೈಟಿ ಸಾಲ ಮಾಡಿದ್ದೀನಿ. ಸ್ಕಾಲರ್‌ಶಿಪ್ ಕೇಳೋಕೆ ಹೋದರೆ ನಿಮ್ಮದು ತೋಟ ಇದೆ ಅಂತಾರೆ.

ಡಿಪ್ಲೊಮಾ ಅಪ್ಪ, ಮಂಡ್ಯ:
ಕಬ್ಬು ಬೆಳೆದು ನೋಡಿ, ಆಮೇಲೆ ಅಡಿಕೆ ಕಷ್ಟ ಹೇಳಿ.

ಕೊಪ್ಪದ ತೋಟದವರು:
ಕಬ್ಬು ವರ್ಷಕ್ಕೆ ಬರುತ್ತೆ. ಅಡಿಕೆ ಸಸಿ ಇಟ್ಟರೆ ಐದಾರು ವರ್ಷ ಬಾಯಿ ಮುಚ್ಕೊಂಡು ಕಾಯಬೇಕು. ನಿಮಗೆ ನಾಲೆ ನೀರಾದರೂ ಇದೆ.

ಡಿಪ್ಲೊಮಾ ಅಪ್ಪ, ಮಂಡ್ಯ:
ನಾಲೆ ನೀರಾ? ಯಾವ ತಿಂಗಳಲ್ಲಿ ಅಂತ ಹೇಳಿ, ನಾವೂ ನೋಡ್ತೀವಿ.

ಕಂತು ಕಟ್ಟುವವಳು:
ಇಲ್ಲಿ ಒಬ್ಬರು ಶುಕ್ರವಾರದೊಳಗೆ ಉತ್ತರ ಕೇಳಿದ್ದರು.

ತರೀಕೆರೆ ಅಮ್ಮ:
ಎಲ್ಲವನ್ನೂ ಓದಿದೆ. ಮನೆಯವರಿಗೂ ಓದಿ ಹೇಳಿದೆ, ಅವರು ಆಮೇಲೆ ಊಟ ಮಾಡಲಿಲ್ಲ. ನಮಗೆ ತೋಟ ಏನೂ ಇಲ್ಲ. ಬೆಂಗಳೂರಿನ ಕಾಲೇಜಿನವರು ಇವತ್ತು ಫೋನ್ ಮಾಡಿ ಸೀಟ್ ಹಿಡಿದಿಡೋಕೆ 50 ಸಾವಿರ ಹಾಕಿ ಅಂದರು. ಮಗಳು ರೂಮಿನ ಬಾಗಿಲು ಹಾಕ್ಕೊಂಡಿದ್ದಾಳೆ. ಹಾಸನದಲ್ಲಿ ಇ ಅಂಡ್ ಸಿ ಓದಿದವರು ಯಾರಾದರೂ ಇದ್ದೀರಾ? ಆ ಹುಡುಗರಿಗೂ ಸಾಫ್ಟ್‌ವೇರ್ ಕಂಪನಿಗಳು ಕೆಲಸ ಕೊಡ್ತವೆ ಅಂತಾರೆ, ನಿಜಾನಾ? ಅಷ್ಟು ಗೊತ್ತಾದರೆ ಸಾಕು, ಅವಳಿಗೆ ಹೇಳ್ತೀನಿ.

ಮೂರನೇ ಚಾಯ್ಸ್ ಒತ್ತಿದವನು:
50 ಸಾವಿರ ಹಾಕಬೇಡಿ. ಚಾಯ್ಸ್ 2 ಹಾಕಿ. ನೀವೇ ಒತ್ತಿ, ಕನ್ನಡಕ ಹಾಕ್ಕೊಂಡು.

ಶಿವಮೊಗ್ಗ ಪ್ರಾಪರ್ಟೀಸ್:
ಮೇಡಂ, ಸೈಟ್ ತರೀಕೆರೆಯಲ್ಲಿ ಎಲ್ಲಿ ಬರುತ್ತೆ? ಕಾರ್ನರಾ? ಇ-ಖಾತಾ ಆಗಿದೆಯಾ?