ಸೋಲ್ಡರಿಂಗ್ ಐರನ್ ಹಿಡಿದು ಹೆಬ್ಬೆರಳ ಬುಡ ನೋವು, ಕಿರುಬೆರಳು ಜೋಮು: ನನ್ನ ಹಿಡಿತವೇ ಸರಿಯಿಲ್ಲವಾ?

ತೋಟದ_ಏರಿಯಲ್:

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದ ಹುಮ್ಮಸ್ಸಿನಲ್ಲಿ ಬಿಟ್‌ಎಕ್ಸ್ ಎಂಬ, ಕೇಳಲೂ ಕಳಿಸಲೂ ಆಗುವ ರೇಡಿಯೋ ಕಟ್ಟಲು ಕೂತಿದ್ದೇನೆ. ಹೈದರಾಬಾದಿನ ಅಶರ್ ಫರ್ಹಾನ್ ಅವರು ರೂಪಿಸಿದ ಹಳೆಯ 20 ಮೀಟರ್ ಬ್ಯಾಂಡಿನ ಸರ್ಕ್ಯೂಟ್. ಕಿಟ್ ತಂದಿಲ್ಲ. ಖಾಲಿ ತಾಮ್ರದ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ನೇರವಾಗಿ ಬೆಸೆಯುತ್ತಾ ಹೋಗುವ ಪದ್ಧತಿ.

ಐರನ್ 25 ವ್ಯಾಟಿನದು, ನೇರ ಪ್ಲಗ್ಗಿಗೆ ಸಿಕ್ಕಿಸುವ ಮಾಮೂಲಿ ಜಾತಿ. ಪೆನ್ನು ಹಿಡಿದ ಹಾಗೇ ಹಿಡಿಯುತ್ತೇನೆ. ಮೂವತ್ತು ನಲವತ್ತು ಜಾಯಿಂಟ್ ಆಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಸೆಳೆಯಲು ಶುರು. ಒಂದು ಗಂಟೆ ದಾಟಿದರೆ ಕಿರುಬೆರಳು ಜೋಮು ಹಿಡಿಯುತ್ತದೆ. ಮಾರನೇ ದಿನ ತಂಬಿಗೆ ಎತ್ತುವಾಗಲೂ ಹೆಬ್ಬೆರಳು ನೆನಪು ಮಾಡಿಕೊಡುತ್ತದೆ. ದಿನವಿಡೀ ತೋಟದಲ್ಲಿ ಕತ್ತಿ ಹಿಡಿಯುವ ಕೈ ಇದು, ಬಳಪದಷ್ಟು ಹಗುರದ ಕಡ್ಡಿ ಹಿಡಿದು ಸೋತಿದೆ ಎಂದರೆ ಮನೆಯಲ್ಲಿ ನಗುತ್ತಾರೆ.

ದಪ್ಪ ಹಿಡಿಯ ಐರನ್ ತರಬೇಕಾ? ಬೇರೆ ಥರ ಹಿಡಿಯಬೇಕಾ? ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲಾ?

ಕೀಲಿಮಣೆ_ಕುಟ್ಟಿಗ:

ಬ್ಯಾಡ್ಮಿಂಟನ್ ರಾಕೆಟ್ಟಿಗೆ ಸುತ್ತುವ ಗ್ರಿಪ್ ಟೇಪ್ ತಂದು ಹಿಡಿಗೆ ಎರಡು ಸುತ್ತು ಸುತ್ತಿ. ಹಿಡಿ ದಪ್ಪವಾದಷ್ಟೂ ಬೆರಳು ಕಡಿಮೆ ಹಿಸುಕಬೇಕು, ಸಪೂರ ಪೆನ್ಸಿಲ್ಲಿಗೂ ದಪ್ಪ ಪೆನ್ನಿಗೂ ಇರುವ ವ್ಯತ್ಯಾಸವೇ. ಹಿಡಿಯಲ್ಲಿ ಗಾಳಿಯಾಡುವ ಸೀಳುಗಳಿದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ನಾನು ಕೀಬೋರ್ಡ್ ಕಟ್ಟುವಾಗ ಒಂದೇ ಕೂತಲ್ಲಿ ನೂರಕ್ಕೂ ಹೆಚ್ಚು ಕಾಲು ಬೆಸೆಯುತ್ತೇನೆ, ಏನೂ ಆಗಿಲ್ಲ.

ವಾಲ್ವ್_ರೇಡಿಯೋ:

ಟೇಪು ಆಮೇಲೆ ಸುತ್ತೋಣ ಕಣಪ್ಪ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡು.

ಬಿಟ್ಟಿನ, ಅಂದ್ರೆ ಐರನ್ನಿನ ಮುಂದಿರೋ ಬಿಸಿ ಕಡ್ಡಿಯ ತುದಿ ಹೊಳೀತಿದೆಯೋ, ಇದ್ದಿಲಾಗಿದೆಯೋ? ಒಂದು ಜಾಯಿಂಟಿಗೆ ಎಷ್ಟು ಸೆಕೆಂಡ್ ಹಿಡೀತೀಯ? ಸೋಲ್ಡರ್ ತಂತಿಯ ರೀಲಿನ ಮೇಲೆ ಏನು ಅಂಕಿ ಇದೆ? ಐರನ್ ಎತ್ತಿದ ಮೇಲೆ ತಾಮ್ರದ ಮೇಲೆ ಗೀರು ಉಳಿಯುತ್ತಾ?

ತೋಟದ_ಏರಿಯಲ್:

ತುದಿ ಸೂಜಿಮೊನೆ, ಕಪ್ಪಗಾಗಿದೆ. ಕಾಲ ಎಣಿಸಿ ನೋಡಿದೆ: ರೆಸಿಸ್ಟರ್ ಕಾಲಿಗೆ 4-5 ಸೆಕೆಂಡ್, ತಾಮ್ರದ ನೆಲಕ್ಕೆ (ಬೋರ್ಡಿನ ತಾಮ್ರದ ಹಾಳೆಗೇ) ಬೆಸೆಯುವಾಗ 10-12. ರೀಲಿನ ಮೇಲೆ 40/60 ಎಂದಿದೆ. ಗೀರು ಇದೆ! ಕೆಲವು ಕಡೆ ಗುಳಿಯೇ ಬಿದ್ದಿದೆ. ಗೀರಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು?

ವಾಲ್ವ್_ರೇಡಿಯೋ:

ನಲವತ್ತು ವರ್ಷ ರೇಡಿಯೋ, ಟೀವಿ ಬಿಚ್ಚಿದವನು ನಾನು. ಅಂಗಡಿಗೆ ಕೆಲಸ ಕಲಿಯೋಕೆ ಬಂದ ಹುಡುಗರೆಲ್ಲ ಮೊದಲ ತಿಂಗಳು ಕೈ ನೋವು ಅಂತಲೇ ಗೊಣಗುತ್ತಿದ್ದರು. ಒಬ್ಬನದೂ ಕೈಯ ದೋಷ ಅಲ್ಲ.

ನಿನ್ನ ಐರನ್ನಿನಿಂದ ಕಾವು ಕೆಲಸಕ್ಕೆ ಇಳೀತಿಲ್ಲ. ಕಾವು ಇಳಿಯದೆ ಹೋದಾಗ ಮನುಷ್ಯ ಏನು ಮಾಡ್ತಾನೆ? ಒತ್ತುತ್ತಾನೆ. ತಾನು ಒತ್ತುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲ್ಲ. ಕರಗದ ಬೆಲ್ಲವನ್ನ ಸೌಟಿನಲ್ಲಿ ಅದುಮೋ ಥರ. ಐರನ್ ಒತ್ತೋ ಸಾಮಾನಲ್ಲ, ತಾಗಿಸೋ ಸಾಮಾನು. ತುದಿ ಸರಿ ಇದ್ರೆ ಅದರ ಸ್ವಂತ ತೂಕವೇ ಸಾಕು.

ನಿನ್ನಲ್ಲಿ ಮೂರು ತಪ್ಪು ಒಟ್ಟಿಗೆ ಕೂಡಿವೆ. ತುದಿಯ ಮೇಲಿನ ಆ ಕಪ್ಪು ಇದೆಯಲ್ಲ, ಅದು ಆಕ್ಸೈಡು, ಸುಟ್ಟ ಫ್ಲಕ್ಸು (ಸೋಲ್ಡರ್ ತಂತಿಯ ಒಳಗಿರೋ ರಾಳ). ಕಾವನ್ನ ತಡೆಯೋ ಗೋಡೆ ಅದು. ಕರಗಿದ ಸೋಲ್ಡರ್ ಅದಕ್ಕೆ ಅಂಟದೆ ಕೆಸವಿನೆಲೆ ಮೇಲಿನ ನೀರಿನ ಥರ ಗುಂಡಾಗಿ ಉರುಳಿ ಹೋಗುತ್ತೆ, ನೋಡಿರಬೇಕು ನೀನು. ತುದಿಗೆ ತೆಳ್ಳಗೆ ಸೋಲ್ಡರ್ ಲೇಪ ಇದ್ದರೇ ಕಾವು ದಾಟೋದು, ಒಣ ಲೋಹ ಒಣ ಲೋಹಕ್ಕೆ ತಾಗಿದರೆ ಎಲ್ಲೋ ಒಂದೆರಡು ಚುಕ್ಕೆಯಲ್ಲಿ ಮಾತ್ರ ಸಂಪರ್ಕ.

ಸೂಜಿಮೊನೆ ಇನ್ನೊಂದು ತಪ್ಪು. ಸಣ್ಣ ಕೆಲಸಕ್ಕೆ ಸಣ್ಣ ಮೊನೆ ಅಂತ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಆದರೆ ಮೊನೆಗೆ ತಾಗೋ ಜಾಗವೇ ಇಲ್ಲವಲ್ಲ! ಉಳಿಬಾಯಿಯ ಥರ ಚಪ್ಪಟೆ ಇರೋ ಬಿಟ್ ತಗೋ, 2.4 ಮಿಲಿಮೀಟರಿನದು.

ಮೂರನೇದು ತಂತಿ. 40/60 ಅಂದ್ರೆ ತವರ 40, ಸೀಸ 60 ಪಾಲು. ಅದು 183 ಡಿಗ್ರಿಯಲ್ಲಿ ಮೆತ್ತಗಾಗೋಕೆ ಶುರುವಾದರೂ ಪೂರ್ತಿ ನೀರಾಗೋದು ಸುಮಾರು 238ಕ್ಕೆ. ನಡುವೆ ಅಂಬಲಿ. ಆರುವಾಗಲೂ ಅಷ್ಟು ಹೊತ್ತು ಅಂಬಲಿಯಾಗೇ ಇರುತ್ತೆ, ಅಷ್ಟೂ ಹೊತ್ತು ಕಾಲು ಅಲುಗದ ಹಾಗೆ ನೀನು ಬೆರಳು ಬಿಗಿಹಿಡಿದು ಕೂರಬೇಕು. 63/37 ಆದರೆ 183ರಲ್ಲಿ ಒಂದೇ ಸಲ ನೀರು, ಒಂದೇ ಸಲ ಗಟ್ಟಿ. 60/40 ಸಿಕ್ಕರೂ ನಡೆಯುತ್ತೆ, ಅದು 190ರ ಆಸುಪಾಸಿಗೆ ಕರಗುತ್ತೆ. ದುಬಾರಿ ಅಂತ ಜಿಪುಣತನ ಮಾಡಬೇಡ.

ಸದ್ಯಕ್ಕೆ ತುದಿಯನ್ನ ಅರದಲ್ಲಿ ಉಜ್ಜಿ, ಬಿಸಿಯಿದ್ದಾಗಲೇ ಸೋಲ್ಡರ್ ಬಳಿ.

ಕೀಲಿಮಣೆ_ಕುಟ್ಟಿಗ:

ಹಿರಿಯರ ಮಾತಿಗೆ ಅಡ್ಡ ಬರುತ್ತಿಲ್ಲ, ಆದರೆ ಅರ ಹಾಕುವ ಮುಂಚೆ ದಯವಿಟ್ಟು ನಿಲ್ಲಿ! ಈಗಿನ ಹೆಚ್ಚಿನ ಟಿಪ್‌ಗಳು ಒಳಗೆ ತಾಮ್ರ, ಮೇಲೆ ಕಬ್ಬಿಣದ ಲೇಪ. ಅರ ಆ ಲೇಪವನ್ನು ಕಿತ್ತರೆ ಒಳಗಿನ ತಾಮ್ರ ಕರಗಿದ ಸೋಲ್ಡರಿನಲ್ಲಿ ಸವೆಯುತ್ತಾ ಹೋಗಿ ಗುಳಿ ಬೀಳುತ್ತದೆ. ತಣ್ಣಗಿರುವಾಗ ತುದಿಗೆ ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅರ ಮುಟ್ಟಿಸಲೇಬೇಡಿ. ಹಿತ್ತಾಳೆ ನಾರಿನ ಉಂಡೆಯಲ್ಲಿ ತಿವಿದು ಒರೆಸಿ, ತಕ್ಷಣ ಸೋಲ್ಡರ್ ತಿನ್ನಿಸಿ. ಹತ್ತು ಸಲ ಮಾಡಿದರೆ ಕಪ್ಪು ಬಿಡುತ್ತದೆ.

ವಾಲ್ವ್_ರೇಡಿಯೋ:

ಹೌದು, ಒಪ್ಪಿದೆ. ನಮ್ಮ ಕಾಲದ್ದು ಬರೀ ತಾಮ್ರದ ಬಿಟ್ಟು, ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಬಿಟ್ಟಿಗೆ ಅರ ಹಾಕೋದೇ ಮೊದಲ ಕೆಲಸ. ಆ ಅಭ್ಯಾಸ ಬಾಯಿಗೆ ಬಂತು. ಆಯಸ್ಕಾಂತ ಅಂಟಿದರೆ ಅರ ಬೇಡ. ಜಾಸ್ತಿ ಹಟ ಮಾಡಿದರೆ ನವಸಾಗರದ ತುಂಡಿಗೆ ಬಿಸಿ ತುದಿ ಒಂದು ಸಲ ಉಜ್ಜು, ಪಾತ್ರೆಗೆ ಕಲಾಯಿ ಹಾಕೋರು ಬಳಸೋದು ಅದನ್ನೇ. ಬೋರ್ಡಿನ ಹತ್ತಿರ ಮಾತ್ರ ತರಬೇಡ, ತಂತಿಯನ್ನೆಲ್ಲ ಕಾಲಕ್ರಮೇಣ ತಿಂದುಹಾಕುತ್ತೆ.

ಬೆರಳ_ಲೆಕ್ಕ:

ನಾನು ಫಿಸಿಯೋಥೆರಪಿ ಓದಿದವಳು, ಬಿಡುವಿನಲ್ಲಿ ಸಿಂತ್ (ಎಲೆಕ್ಟ್ರಾನಿಕ್ ವಾದ್ಯ) ಕಟ್ಟುತ್ತೇನೆ. ಎಲ್ಲರೂ ಹೆಬ್ಬೆರಳನ್ನೇ ಹಿಡಿದುಕೊಂಡಿದ್ದೀರಿ. ಕಿರುಬೆರಳಿನ ಜೋಮು ಬೇರೆಯದೇ ಕಥೆ, ಅದಕ್ಕೂ ಐರನ್ನಿಗೂ ನೇರ ಸಂಬಂಧ ಇದ್ದಂತಿಲ್ಲ. ಹೆಬ್ಬೆರಳು, ತೋರು, ನಡುಬೆರಳು, ಉಂಗುರದ ಬೆರಳಿನ ಅರ್ಧ, ಇಷ್ಟಕ್ಕೆ ಬರುವ ನರ ಒಂದು. ಕಿರುಬೆರಳಿಗೂ ಉಂಗುರದ ಬೆರಳಿನ ಉಳಿದರ್ಧಕ್ಕೂ ಬರುವುದು ಇನ್ನೊಂದು, ಅದು ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಚರ್ಮದ ಕೆಳಗೇ ಹಾದುಬರುತ್ತದೆ. ಬಾಗಿಲಿಗೆ ಮೊಣಕೈ ತಗುಲಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಅದೇ ನರ.

ಮೊಣಕೈಯನ್ನು ಮೇಜಿನ ಅಂಚಿಗೆ ಊರಿ, ತೋಳು ಪೂರ್ತಿ ಮಡಚಿ, ಬೋರ್ಡಿನ ಮೇಲೆ ಬಾಗಿ ಕೂರುತ್ತೀರಾ?

ತೋಟದ_ಏರಿಯಲ್:

ಅಯ್ಯೋ, ಹೌದು. ಮೇಜು ಎಂದರೆ ಹಳೆಯ ಹೊಲಿಗೆ ಮಿಷನ್ನಿನ ಮೇಜು. ಅಂಚು ಚೂಪು.

ಬೆರಳ_ಲೆಕ್ಕ:

ಮೊಣಕೈಯನ್ನು ಅಂಚಿನಿಂದ ಎತ್ತಿ. ಭಾರ ಮುಂಗೈಯ ಮೇಲೆ ಬೀಳಲಿ, ಅಂಗೈಯ ಬುಡ ಮೇಜಿಗೆ ತಾಗಿರಲಿ. ಅಂಚಿಗೆ ಟವೆಲ್ ಮಡಚಿ ಹಾಕಿ. ಬೋರ್ಡನ್ನು ದಪ್ಪ ಪುಸ್ತಕದ ಮೇಲಿಟ್ಟು ಎತ್ತರಿಸಿದರೆ ನೀವು ಬಾಗುವುದೂ ತಪ್ಪುತ್ತದೆ, ಕೈ ಅಷ್ಟು ಮಡಚುವುದೂ ತಪ್ಪುತ್ತದೆ. ಜಾಯಿಂಟ್ ಓರೆಯಲ್ಲಿದ್ದರೆ ಬೋರ್ಡ್ ತಿರುಗಿಸಿ, ಮಣಿಕಟ್ಟು ತಿರುಚಬೇಡಿ. ಮಣಿಕಟ್ಟಿನ ಪಟ್ಟಿ ಈಗಲೇ ಬೇಡ.

ಹೆಬ್ಬೆರಳಿಗೊಂದು ಪರೀಕ್ಷೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿದು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿ. ಹೆಬ್ಬೆರಳ ಕಡೆಯ ಮಣಿಕಟ್ಟಿನಲ್ಲಿ ಚುಳ್ ಎಂದು ಹೊಡೆದರೆ ಅಲ್ಲಿನ ಸ್ನಾಯುರಜ್ಜು ಉರಿಗೊಂಡಿರಬಹುದು, ಆಗ ಎರಡು ವಾರ ಐರನ್ ಮುಟ್ಟಬೇಡಿ, ವೈದ್ಯರಿಗೆ ತೋರಿಸಿ. ಬರೀ ಎಳೆದಂತಾದರೆ ಚಿಂತೆಯಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುವ ಜೋಮು ಬಂದರೂ ಕಾಯಬೇಡಿ.

ತೋಟದ_ಏರಿಯಲ್: (ನಾಲ್ಕು ದಿನ ಬಿಟ್ಟು)

ವರದಿ ಒಪ್ಪಿಸುತ್ತೇನೆ. ಮುಷ್ಟಿ ಪರೀಕ್ಷೆಯಲ್ಲಿ ಎಳೆತ ಮಾತ್ರ. ಟವೆಲ್ ಹಾಕಿದ ಮೊದಲ ದಿನವೇ ಕಿರುಬೆರಳಿನ ಜೋಮು ಮಾಯ.

ಆಯಸ್ಕಾಂತ ಅಂಟಿತು. ಹಿತ್ತಾಳೆ ನಾರಿಗೆ ಕಪ್ಪು ಪೂರ್ತಿ ಬಿಡಲಿಲ್ಲ. ಅಟ್ಟದಲ್ಲಿ ಅಜ್ಜಿಯ ಕಾಲದ ನವಸಾಗರ ಇತ್ತು. ಅಡುಗೆಮನೆಯಲ್ಲಿ ಉಜ್ಜಿದ್ದು ನನ್ನ ತಪ್ಪು. ಬಿಳಿ ಹೊಗೆ ಎದ್ದು ಎಲ್ಲರೂ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು, ನಾಯಿಯೂ ಸೇರಿ. ಆದರೆ ತುದಿ ಬೆಳ್ಳಿಯಾಯಿತು! ಬೆಂಗಳೂರಿನ ಎಸ್.ಪಿ. ರೋಡಿನಿಂದ ನೆಂಟರ ಕೈಲಿ 63/37 ತರಿಸಿದೆ. ರೆಸಿಸ್ಟರ್ ಕಾಲು ಈಗ ಎರಡೇ ಸೆಕೆಂಡ್.

ಎರಡು ತೊಂದರೆ ಉಳಿದಿವೆ. ತಾಮ್ರದ ನೆಲಕ್ಕೆ ಬೆಸೆಯುವಾಗ ಈಗಲೂ ಏಳೆಂಟು ಸೆಕೆಂಡ್, ಈಗಲೂ ಕೈ ತಾನಾಗಿ ಒತ್ತುತ್ತದೆ. ಮತ್ತೊಂದು, ಐರನ್ನಿನ ಗಟ್ಟಿ ವಯರು ಹಿಂದಕ್ಕೆ ಎಳೆಯುತ್ತದೆ, ಹಿಡಿಯನ್ನು ಸಡಿಲ ಬಿಟ್ಟರೆ ತುದಿ ಮೇಲೇಳುತ್ತದೆ.

ವಾಲ್ವ್_ರೇಡಿಯೋ:

ನಾಯಿ ಹೇಗಿದೆ? ಕಿಟಕಿ ತೆಗೆದಿಡೋ ಮಾರಾಯ, ಮಾಮೂಲಿ ಫ್ಲಕ್ಸಿನ ಹೊಗೆಯೂ ಮೂಗಿಗೆ ಒಳ್ಳೇದಲ್ಲ. ಕೆಲಸ ಮುಗಿದ ಮೇಲೆ ಕೈ ತೊಳಿ, ಸೀಸ ಅದು.

ನೆಲದ ತಾಮ್ರ ಇಡೀ ಹಾಳೆಯಾಗಿ ಕಾವನ್ನ ಹೀರುತ್ತೆ. 25 ವ್ಯಾಟು ಕೊಟ್ಟಷ್ಟೂ ಅದು ಹರಡಿ ಆರಿಸುತ್ತಾ ಇರುತ್ತೆ. ಅಲ್ಲಿಗೆ ದೊಡ್ಡ ಬಿಟ್ಟಿನ 60 ವ್ಯಾಟಿನ ಐರನ್ ಬೇಕು. ಜಾಸ್ತಿ ವ್ಯಾಟು ಅಂದ್ರೆ ಬಿಡಿಭಾಗ ಸುಟ್ಟೋಗುತ್ತೆ ಅಂತ ಹೊಸಬರಿಗೆ ಭಯ. ಬಲವಾದ ಐರನ್ ಎರಡು ಸೆಕೆಂಡಲ್ಲಿ ಕೆಲಸ ಮುಗಿಸಿ ಏಳುತ್ತೆ, ಬಡಕಲು ಐರನ್ ಹತ್ತು ಸೆಕೆಂಡ್ ಕೂತು ಟ್ರಾನ್ಸಿಸ್ಟರ್ ಕಾಲನ್ನೂ ಬೇಯಿಸುತ್ತೆ. ದೊಡ್ಡದನ್ನ ಪೆನ್ನಿನ ಥರ ಹಿಡೀಬೇಡ, ಪೂರ್ತಿ ಮುಷ್ಟಿಯಲ್ಲಿ ಹಿಡಿ. ಮೊದಲು ನೆಲದ ಜಾಗಕ್ಕೆಲ್ಲ ಅದರಲ್ಲೇ ಒಂದೊಂದು ಬೊಟ್ಟು ಸೋಲ್ಡರ್ ಇಟ್ಟು ಬಾ, ಕಾಲು ಆಮೇಲೆ ಕೂರಿಸು.

ಕೀಲಿಮಣೆ_ಕುಟ್ಟಿಗ:

ವಯರಿಗೆ: ಮೇಜಿನ ಮೇಲೆ ಮೊಳೆಗೆ ದಾರ ಕಟ್ಟಿ ವಯರನ್ನು ಮೇಲಿಂದ ಇಳಿಬಿಡಿ, ಇಲ್ಲವೇ ಮುಂಗೈಗೆ ಒಂದು ಸುತ್ತು ಹಾಕಿಕೊಳ್ಳಿ. ಎಳೆತ ಬೆರಳಿಗೆ ಬರುವುದಿಲ್ಲ. ಸಿಲಿಕೋನ್ ವಯರಿನದಾದರೆ ಈ ಕಾಟವೇ ಇಲ್ಲ, ಹಗ್ಗದ ಹಾಗೆ ಜೋತು ಬೀಳುತ್ತದೆ. ಅರ್ತ್ ಇರುವ ಮೂರು ಪಿನ್ನಿನ ವಯರನ್ನು ತೆಗೆದು ಎರಡು ಪಿನ್ನಿನದು ಮಾತ್ರ ಹಾಕಬೇಡಿ.

ಇನ್ನು ಮುಂದೆಂದಾದರೂ ದುಡ್ಡಾದಾಗ ಟಿ12 ಜಾತಿಯ ಟಿಪ್ಪಿನ ಸ್ಟೇಷನ್ (ಕಾವು ಹೊಂದಿಸುವ ಪೆಟ್ಟಿಗೆಯಿರುವ ಐರನ್) ಅಥವಾ ಪುಟ್ಟ ಐರನ್ ಆದ ಪೈನ್‌ಸಿಲ್ ನೋಡಿ. ಹೀಟರೂ ಟಿಪ್ಪೂ ಒಂದೇ ತುಂಡು, ಹಾಗಾಗಿ ಬೆರಳು ತುದಿಗೆ ಬಹಳ ಹತ್ತಿರ ಕೂರುತ್ತದೆ. ನಿಮ್ಮ ಐರನ್ನಿನಲ್ಲಿ ಬೆರಳಿಂದ ತುದಿಗೆ ಎಷ್ಟಿದೆ, ಅಳೆಯಿರಿ. ಉದ್ದ ಕೋಲಿನ ಕೊನೆಯಲ್ಲಿ ಬರೆದಂತೆ ಅದು, ಕೈಯ ಸಣ್ಣ ನಡುಕವೂ ತುದಿಯಲ್ಲಿ ದೊಡ್ಡದಾಗುತ್ತದೆ, ಅದನ್ನು ತಡೆಯಲೆಂದೇ ನಾವು ಬಿಗಿ ಹಿಡಿಯುವುದು.

ತೋಟದ_ಏರಿಯಲ್:

ಅಳೆದೆ, 10 ಸೆಂಟಿಮೀಟರ್. ಸ್ಟೇಷನ್ ಈ ಸಲದ ಅಡಿಕೆ ರೇಟಿನ ಮೇಲೆ ನಿಂತಿದೆ.

ತೋಟದ_ಏರಿಯಲ್: (ಮೂರು ವಾರ ಬಿಟ್ಟು)

ಪಕ್ಕದೂರಿನ ಪಂಪ್‌ಸೆಟ್ ರಿಪೇರಿಯವರಿಂದ 60 ವ್ಯಾಟಿನದು ಎರವಲು ತಂದೆ. ನೆಲದ ಬೊಟ್ಟುಗಳನ್ನೆಲ್ಲ ಒಂದೇ ಸಂಜೆಯಲ್ಲಿ ಇಟ್ಟು ಮುಗಿಸಿದೆ. ವಯರು ಈಗ ತೊಲೆಯಿಂದ ಇಳಿಬಿದ್ದಿದೆ. ಗೀರಿಲ್ಲ, ಗುಳಿಯಿಲ್ಲ, ಹೆಬ್ಬೆರಳು ಸದ್ದು ಮಾಡುತ್ತಿಲ್ಲ. ಗ್ರಿಪ್ ಟೇಪನ್ನೂ ಸುತ್ತಿದ್ದೇನೆ, ಸುಳ್ಳು ಹೇಳಬಾರದು, ಅದೂ ಹಿತವಾಗಿದೆ. ಅರ್ಧ ಗಂಟೆಗೊಮ್ಮೆ ಐರನ್ನನ್ನು ಸ್ಟ್ಯಾಂಡಿಗೆ ಹಾಕಿ ಅಂಗಳ ಸುತ್ತಿ ಬರುತ್ತೇನೆ, ಹಾಕುವ ಮುಂಚೆ ತುದಿಗೆ ಸೋಲ್ಡರ್ ಬಳಿದು.

ನಿನ್ನೆ ರಿಸೀವರ್ ಭಾಗ ಉಸಿರಾಡಿತು. 14 ಮೆಗಾಹರ್ಟ್ಸಿನಲ್ಲಿ (ಅದೇ 20 ಮೀಟರ್ ಬ್ಯಾಂಡು) ಬರೀ ಗೊರಗೊರ, ಅದರ ನಡುವೆ ಯಾರದೋ ಮೋರ್ಸ್ ಸಂಕೇತ. ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು.

ಈಗ ಟೊರಾಯ್ಡ್ ಎಂಬ ಉಂಗುರದ ಮೇಲೆ ಕಾಯಿಲ್ ಸುತ್ತುವಾಗ ಸಪೂರ ತಂತಿ ಎಳೆದೆಳೆದು ತೋರುಬೆರಳಿನ ತುದಿ ಕೊಯ್ಯುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕಲಾ?

ವಾಲ್ವ್_ರೇಡಿಯೋ:

ಬೇಡ. ಬೆರಳಿಗೆ ಬಟ್ಟೆಯ ಬ್ಯಾಂಡೇಜ್ ಸುತ್ತಿಕೋ. ಅದಿರಲಿ, ಎಷ್ಟು ಸುತ್ತು ಹಾಕ್ತಿದ್ದೀಯ, ಎಣಿಸಿದ್ದೀಯ ತಾನೇ? ಉಂಗುರದ ಒಳಗೆ ತಂತಿ ಎಷ್ಟು ಸಲ ಹಾಯ್ತು ಅನ್ನೋದೇ ಲೆಕ್ಕ. ಹೊರಗೆ ಕಾಣೋದನ್ನ ಎಣಿಸಿದರೆ ಒಂದು ತಪ್ಪುತ್ತೆ.

ತೋಟದ_ಏರಿಯಲ್:

ಹೊರಗೆ ಕಾಣುವುದನ್ನೇ ಎಣಿಸಿದ್ದೆ. ಬಿಚ್ಚುತ್ತಿದ್ದೇನೆ.